ಕುಕ್ಕರಿನಾಗ ಕಟಿಗಿ

ಹಂಪಮ್ಮ: ನಾನು ಕೇಳಾಕತ್ತಿದ್ದು ಒಂದೇ ಮಾತು. ಕುಕ್ಕರಿನಾಗ ಏನದ?

ವಿರೂಪಣ್ಣ: ನಾನು ಹೇಳಿದ್ದೂ ಒಂದೇ ಮಾತು. ಕಟಿಗಿ ಅದ.

ಹಂಪಮ್ಮ: ಕಟಿಗಿ ಕುಕ್ಕರಿನ ತೆಳಗ ಇರಬೇಕ್ರಿ!

ವಿರೂಪಣ್ಣ: ಅದು ಉರಿಯೋ ಕಟಿಗಿ. ಇದು ಉಳಿಯೋ ಕಟಿಗಿ. ನಿನಗ ತಿಳಿಯಂಗಿಲ್ಲ, ಸರಿ ಅತ್ಲಾಗ.

(ಮೇ ತಿಂಗಳ ರಾಯಚೂರು. ಆ ಬಿಸಿಲಿಗೆ ಬಾಗಿಲುಗಳು ಎಷ್ಟು ಸೊರಗುತ್ತವೆಂದರೆ, ಬೀಗ ಹಾಕಿದ್ದು ಹಾಕಿದಂತೆಯೇ ಇರುತ್ತದೆ, ಪಕ್ಕದ ಸಂದಿಯಿಂದ ಎಮ್ಮೆ ಒಳಗೆ ಹೋಗಿ ಕಲಗಚ್ಚು ಕುಡಿದು ಬರುತ್ತದೆ. ಅಕ್ಕಿ ಗಿರಣಿಯಲ್ಲಿ ತೂಕ ನೋಡುವ ವಿರೂಪಣ್ಣ ರಜೆಯ ದಿನ ಅಂಗಳದ ಬೇವಿನ ನೆರಳಲ್ಲಿ ಕುಕ್ಕರನ್ನು ಎರಡು ಮೊಣಕಾಲಿನ ನಡುವೆ ಅವಚಿಕೊಂಡು ಕೂತಿದ್ದಾನೆ. ಮುಚ್ಚಳದ ಸುತ್ತ ಕಣಕ ಮೆತ್ತಿದೆ. ಸೀಟಿ ಹೊಡೆಯುವ ಜಾಗದಲ್ಲಿ ಒಂದು ರಬ್ಬರ್ ನಳಿಗೆ, ನಳಿಗೆಯ ತುದಿಗೆ ಸೈಕಲ್ ಪಂಪು. ತರಕಾರಿ ತರಲು ಹೋಗಿದ್ದ ಹಂಪಮ್ಮ ಈಗಷ್ಟೇ ಬಂದು, ಚೀಲ ಇಳಿಸುವುದನ್ನೂ ಮರೆತು ನಿಂತಿದ್ದಾಳೆ.)

ಹಂಪಮ್ಮ: ಈ ಕಣಕ ಎಲ್ಲಿದು?

ವಿರೂಪಣ್ಣ: ಒಳಗ ಪರಾತದಾಗ ಇತ್ತು.

ಹಂಪಮ್ಮ: ಅದು ನಾನು ಚಪಾತಿಗಿ ಕಲಸಿಟ್ಟಿದ್ದು! ಮಾನವಿಯಿಂದ ನೆಗೆಣ್ಣಿ, ನಿಮ್ಮಣ್ಣನ ಹೆಂಡ್ತಿ, ಬರಾಕತ್ತಾಳಂತ ಕಲಸಿಟ್ಟಿದ್ದು!

ವಿರೂಪಣ್ಣ: ಛಲೋ ಕಲಸೀದಿ ಮತ್ತ. ಹವಾ ಒಂದ ಕೂದಲಿನಷ್ಟೂ ಸೋರವಲ್ದು ನೋಡು. ಶಕ್ತಿನಗರದ ಕರೆಂಟ್ ಫ್ಯಾಕ್ಟರಿ ಇಂಜಿನಿಯರು ಕಂಡ್ರ ನಿನ್ನ ಕೈಗಿ ನಮಸ್ಕಾರ ಮಾಡ್ತಾನ.

ಹಂಪಮ್ಮ: ನನ್ನ ಕೈಗಿ ಅವ ನಮಸ್ಕಾರ ಮಾಡೋದು ಬ್ಯಾಡ, ನನ್ನ ಕೈಯಾಗಿಂದ ನೀವು ತಪ್ಪಿಸಿಗೊಳ್ರಿ ಸಾಕು. ಮಧ್ಯಾಹ್ನದ ಬಸ್ಸಿಗಿ ವೀರಭದ್ರಮ್ಮ ಬಂದು ಇಳಿತಾಳ. ಮದುವಿ ಪಂಕ್ತಿಯಾಗ ಎಲ್ಲಾರ ಮುಂದ ನಾನು ಏನಂದಿದ್ದೆ? "ನಮ್ಮನ್ಯಾಗ ಮೂರು ಸೀಟಿಗಿ ಬ್ಯಾಳಿ ಬೆಣ್ಣಿ ಆಗ್ತದ" ಅಂದಿದ್ದೆ. ಆಕಿ ಏನಂದ್ಲು?

ವಿರೂಪಣ್ಣ: "ಉಪ್ಪು ಹಾಕ್ರಿ" ಅಂದ್ಲು.

ಹಂಪಮ್ಮ: "ಕಣ್ಣಿಲೆ ನೋಡಿದ ಮ್ಯಾಲ ನಂಬತೀನಿ" ಅಂದ್ಲು! ಅದನ್ನ ನೋಡಾಕಂತ ಮಾನವಿಯಿಂದ ಬರಾಕತ್ತಾಳ. ಇವತ್ತ ಬ್ಯಾಳಿ ಸೀಟಿ ಹೊಡೀಲಿಲ್ಲಂದ್ರ, ನಾಳಿ ಮಾನವಿ ತುಂಬ ಆಕಿ ಹೊಡಿತಾಳ ಸೀಟಿ! ತಗೀರಿ ಅದನ್ನ!

ವಿರೂಪಣ್ಣ: ನಡುವ ತಗದ್ರ ಕಟಿಗಿ ಕೆಡತದ.

ಹಂಪಮ್ಮ: ಅಂತಾದ್ದೇನು ಮಾಡಾಕತ್ತೀರಿ ಆ ಕಟಿಗಿಗಿ? ಬಾಣಂತನನಾ?

ವಿರೂಪಣ್ಣ: ಕೂಡು, ಹೇಳ್ತೀನಿ. ನಮ್ಮೂರ ಬಿಸಲಿಗಿ ಕಟಿಗಿ ಯಾಕ ಸೀಳತದ? ಅದರೊಳಗ ಸಣ್ಣ ಸಣ್ಣ ನಾಳ ಅದಾವ. ಅದರಾಗ ಹವಾ ಕುಂತಿರತದ. ಈ ಪಂಪಿಲೆ ಆ ಹವಾ ಹೊರಗ ಎಳಿತೀನಿ. ಜಾಗ ಖಾಲಿ ಆತು. ಆಮ್ಯಾಲ ನಳಿಗಿ ಬಿಚ್ಚಿದ್ರ, ಸುತ್ತ ನಿಂತ ಅಗಸಿ ಎಣ್ಣಿ ಒಳಗ ನುಗ್ಗತದ. ಬಸ್ಸಿನಾಗ ಇಳಿಯೋರು ಇಳಿದ್ರ ಹತ್ತೋರು ಹತ್ತತಾರಲ್ಲ, ಹಂಗ.

ಹಂಪಮ್ಮ: ದೇವದುರ್ಗದ ಬಸ್ಸಿನಾಗ ಯಾರು ಇಳಿತಾರ? ಒಳಗ ಆಗದಿದ್ರ ಮ್ಯಾಲ ಹತ್ತತಾರ. (ಥಟ್ಟನೆ ಮಾತು ತಡೆದು) ಏನಂದ್ರಿ? ಅಗಸಿ ಎಣ್ಣಿ?

ವಿರೂಪಣ್ಣ: ಬರೇ ಅಗಸಿ ಎಣ್ಣಿ ಅಲ್ಲ. ಅದರಾಗ ರಾಳ ಕರಗಿಸಿ ಹಾಕೀನಿ.

ಹಂಪಮ್ಮ: ಯಪ್ಪಾ ಬಸವಣ್ಣಾ! ನನ್ನ ಕುಕ್ಕರಿನಾಗ ರಾಳ!

ವಿರೂಪಣ್ಣ: ಕಟಿಗಿ ತೇಲಬಾರದಂತ ಮ್ಯಾಲ ಗುಂಡಕಲ್ಲು ಇಟ್ಟೀನಿ.

ಹಂಪಮ್ಮ: ಚಟ್ನಿ ಅರಿಯೋದಾ?

ವಿರೂಪಣ್ಣ: ತೊಳದ ಇಟ್ಟೀನಿ.

(ಹಂಪಮ್ಮ ಕಂಬಕ್ಕೆ ಒರಗಿದಳು. ಅವಳ ಸಿಟ್ಟಿನ ಕಾವಿಗೆ ಚೀಲದೊಳಗಿನ ಬದನೆಕಾಯಿ ಅರ್ಧ ಬೆಂದವು. ಹೋದ ವರ್ಷ ಇದೇ ಗಂಡ ಗೋಣಿತಟ್ಟು, ಹಳೆ ಡಬ್ಬಿಗಳಿಂದ ಕೂಲರ್ ಮಾಡಿದ್ದ. ಅದರಲ್ಲಿ ಗಾಳಿ ಬರಲಿಲ್ಲ, ಕಪ್ಪೆಗಳು ಬಂದು ಮೂರು ತಲೆಮಾರು ಸಂಸಾರ ಮಾಡಿದವು. ಅಷ್ಟರಲ್ಲಿ ಪಕ್ಕದ ಮನೆಯ ಬಡೇಬೀ ಸೆರಗು ಕೊಡವುತ್ತ ಬಂದಳು. ಅವಳ ಗಂಡನದು ಓಣಿಯ ತುದಿಯಲ್ಲಿ ಸೈಕಲ್ ಅಂಗಡಿ.)

ಬಡೇಬೀ: ಅಣ್ಣಾ, ನಮ್ಮ ಪಂಪಿಗಿ ನೀವೇನು ಮಾಟ ಮಾಡಿಸೀರಿ?

ವಿರೂಪಣ್ಣ: ಮಾಟ ಅಲ್ಲವ್ವಾ. ಒಳಗಿನ ತೊಗಲಿನ ವಾಷರ್ ಉಲ್ಟಾ ಕೂಡಿಸೀನಿ, ಅಷ್ಟ. ಹವಾ ಹಾಕೋದು ಬಿಟ್ಟು ಎಳಿತದ.

ಬಡೇಬೀ: ಅದಕ್ಕ! ನಿನ್ನಿ ಸಂಜೀಕ ವಾಪಸ್ ಕೊಟ್ರಿ, ಇವತ್ತ ಮುಂಜಾನಿ ಮತ್ತ ಒಯ್ದ್ರಿ. ಆ ನಡುವ ಹವಾ ಹಾಕಿಸಿಗೊಂಡ ಗಿರಾಕಿ ಒಬ್ಬನ ಸೈಕಲ್ಲೂ ನಡಿಯವಲ್ದು! ಟಪಾಲಿನವ ತುಂಬಿದ ಚಕ್ರ ತಂದಿದ್ದ, ಚಪಾತಿ ಮಾಡಿ ಕಳಿಸೀವಿ. ಜನ ಅಂಗಡಿ ಮುಂದ ನಿಂತು ಒದರಾಕತ್ತಾರ, ನಮ್ಮವರು ಹಿಂದಿನ ಬಾಗಿಲಿಲೆ ಮಸೀದಿಗಿ ಹೋಗ್ಯಾರ. (ಕುಕ್ಕರ್ ನೋಡಿ) ಯಾ ಅಲ್ಲಾ! ಅಕ್ಕಾ, ಕುಕ್ಕರಿನಾಗ ಏನದ?

ಹಂಪಮ್ಮ: ಕಟಿಗಿ.

ಬಡೇಬೀ: ಕಟಿಗೀ? ಅಣ್ಣಾರ ಹಲ್ಲು ಅಷ್ಟು ಗಟ್ಟಿ ಅದಾವ?

ಹಂಪಮ್ಮ: ನೀನ ಕೇಳು ತಂಗಿ. ಆ ಶಕ್ತಿನಗರದ ಇಂಜಿನಿಯರಿಗಿ ಕ್ರಿಕೆಟ್ ಬ್ಯಾಟ್ ಮಾಡಾಕತ್ತಾರೋ, ಗಿರಣಿ ಮಾಲಕಗ ಬಡಿಗಿ ಮಾಡಾಕತ್ತಾರೋ, ನನಗಂತೂ ಹೇಳವಲ್ರು.

ವಿರೂಪಣ್ಣ: (ಎದೆಯುಬ್ಬಿಸಿ) ಬ್ಯಾಟೂ ಅಲ್ಲ, ಬಡಿಗೀನೂ ಅಲ್ಲ. ನಿನ್ನ ಸಲುವಾಗಿ ಮಾಡಾಕತ್ತೀನಿ!

(ಅವನು ಅಂಗಿಯ ಜೇಬಿನಿಂದ ಒಂದು ವಸ್ತು ತೆಗೆದ. ಜಾಲಿ ಕಟ್ಟಿಗೆಯದು, ನುಣುಪಾದದ್ದು, ಜೇನಿನ ಬಣ್ಣಕ್ಕೆ ತಿರುಗಿದ್ದು. ಎರಡು ತೂತು ಕೊರೆದಿತ್ತು.)

ವಿರೂಪಣ್ಣ: ಕುಕ್ಕರಿನ ಮುಚ್ಚಳದ ಹಿಡಿಕಿ! ಬಡೇಬೀ ಕುಕ್ಕರ್ ಕೇಳಾಕ ಬಂದಾಗ ನೀನ ಅಂದಿಲ್ಲಾ, "ಹಿಡಿಕಿ ಮುರದದ ತಂಗಿ, ಮುಚ್ಚಳ ಬಿಗಿಯಂಗಿಲ್ಲ" ಅಂತ? ಆವತ್ತಿನಿಂದ ನನಗ ನಿದ್ದಿ ಇಲ್ಲ. ಮೊದಲು ಮಾಡಿದ್ದು ಬಿಸಲಿಗಿ ಸೀಳಿ ಹಲ್ಲುಕಡ್ಡಿ ಆತು. ಎರಡನೇದ್ದು ಎಮ್ಮಿ ಕೋಡು ಆದಂಗ ಸೊಟ್ಟ ಆತು. ಅದಕ್ಕ ಎಣ್ಣಿ ಕುಡಿಸಿ, ಬಿಸಿ ಉಸುಕಿನಾಗ ಹುರದು, ಇದನ್ನ ತಯಾರ್ ಮಾಡೀನಿ. ಹುರಿದ್ರೂ ಸೀಳಂಗಿಲ್ಲ, ಕುದಿಸಿದ್ರೂ ಉಬ್ಬಂಗಿಲ್ಲ. ಒಳಗ ಇರೋದು ಇದರ ಜೋಡಿ, ಇರಲಿ ಅಂತ.

ಬಡೇಬೀ: (ಹಂಪಮ್ಮನನ್ನು ಓರೆಗಣ್ಣಿಂದ ನೋಡಿ) ಎಷ್ಟು ಪ್ರೀತಿ ಅಕ್ಕಾ! ಮುರದ ಹಿಡಿಕಿ ಸಲುವಾಗಿ ಇಷ್ಟು ಒದ್ದಾಡ್ಯಾರ.

ಹಂಪಮ್ಮ: (ಬೆವರೊರೆಸಿಕೊಂಡು) ಹೂಂ... ಅದ... ಬಾಳ ಚಂದ ಆಗ್ಯದ.

ವಿರೂಪಣ್ಣ: ಅಯ್ಯ, ಮಾತಿನಾಗ ಕಣಕ ಒಣಗಿ ಬಿರುಕು ಬಿಟ್ಟದ! ಹವಾ ಸೋರತದ! ಲೇ, ಗೋಧಿ ಹಿಟ್ಟಿನ ಡಬ್ಬಿ ಎಲ್ಲಿ ಅದ?

ಹಂಪಮ್ಮ: ಆ ಡಬ್ಬಿ ಮುಟ್ಟಬ್ಯಾಡ್ರಿ!

ವಿರೂಪಣ್ಣ: ಯಾಕ?

ಹಂಪಮ್ಮ: ಅದು... ಹುಳ ಬಿದ್ದಾವ!

ಬಡೇಬೀ: ಅಷ್ಟಕ್ಕ ಹೆದರಿದ್ರ ಹ್ಯಾಂಗ ಅಕ್ಕಾ? ನಾನ ಹುಳ ಆರಿಸಿ ಕೊಡ್ತೀನಿ ತಗೋ.

(ಹಂಪಮ್ಮ ಅಡ್ಡ ಬರುವಷ್ಟರಲ್ಲಿ ಬಡೇಬೀ ಅಡುಗೆಮನೆಯಿಂದ ಡಬ್ಬಿ ತಂದು ಅಂಗಳದಲ್ಲಿಟ್ಟು, ಮೊಣಕೈವರೆಗೆ ಕೈ ಇಳಿಸಿಯಾಗಿತ್ತು. ಹಿಟ್ಟಿನೊಳಗೆ ಏನೋ ತಡೆಯಿತು. ಮೆಲ್ಲಗೆ ಮೇಲೆತ್ತಿದಳು.)

ಬಡೇಬೀ: ಖರೇನ ಅದ ಅಕ್ಕಾ! ಎಷ್ಟು ದೊಡ್ಡ ಹುಳ! ಕರ್ರಗ ಅದ. ಸ್ಕ್ರೂ ಸುದ್ದಾ ಅದಾವ.

(ಅದು ಕಂಪನಿಯಿಂದ ಬಂದ ಕುಕ್ಕರಿನ ಹಿಡಿಕೆ. ಒಂದು ಗೆರೆಯೂ ಬಿದ್ದಿರಲಿಲ್ಲ. ಬೇವಿನ ಮರದ ಮೇಲಿನ ಕಾಗೆ ಕೂಡ ಕೂಗುವುದನ್ನು ನಿಲ್ಲಿಸಿ ಕೆಳಗೆ ಬಗ್ಗಿ ನೋಡಿತು.)

ವಿರೂಪಣ್ಣ: ಲೇ! ಮುರದದ ಅಂದಿದ್ದಿ! ಇದು ಕೂಡಿಕೊಂಡದಲ್ಲ!

ಹಂಪಮ್ಮ: ...ದೇವರು ದೊಡ್ಡವ.

ಬಡೇಬೀ: ಹಿಟ್ಟಿನಾಗ ಇಟ್ರ ಮುರದದ್ದು ಕೂಡತದಂದ್ರ ಅಣ್ಣಾ, ನಿಮಗ ಪಂಪು ಯಾಕ ಬೇಕು, ಎಣ್ಣಿ ಯಾಕ ಬೇಕು? ಹಿಟ್ಟೊಂದಿದ್ರ ಸಾಕು. ಮೊನ್ನಿ ಯಮನಮ್ಮನ ಕಾಲು ಮುರದದ, ಆಕಿಗೂ ಒಂದು ಡಬ್ಬಿ ಕಳಸೂನು.

ಹಂಪಮ್ಮ: (ಸೋತು) ಬಡೇಬೀ, ಏನು ಮಾಡ್ಲಿ ಹೇಳವ್ವಾ? ಓಣಿಗೆಲ್ಲ ಇದೊಂದ ಕುಕ್ಕರ್. ಒಬ್ಬರಿಗಿ ಕೊಟ್ರ ಇನ್ನೊಬ್ಬರಿಗಿ ಇಲ್ಲ ಅನ್ನಾಕ ಆಗಂಗಿಲ್ಲ. ಒಮ್ಮಿ ಮನಿ ಬಿಟ್ಟು ಹೋದದ್ದು ನಮ್ಮ ನೆಂಟರಕಿಂತ ಹೆಚ್ಚು ಊರು ತಿರಗಿ ಬಂತು. ಅದಕ್ಕ ಹಿಡಿಕಿ ಬಿಚ್ಚಿ ಇಡ್ತಿದ್ದೆ. ಇವರು ಗಿರಣಿಗಿ ಹೋದ ಮ್ಯಾಲ ಹಾಕಿಗೊಂಡು ಬ್ಯಾಳಿ ಕುದಿಸ್ತಿದ್ದೆ.

ವಿರೂಪಣ್ಣ: ನನಗಾದ್ರೂ ಹೇಳಬಾರದಾ?

ಹಂಪಮ್ಮ: ನಿಮಗ ಹೇಳಿದ್ರ ಗಿರಣಿ ಹಮಾಲರಿಗೆಲ್ಲ ತೂಕ ಮಾಡಿ ಹೇಳಿ ಬರ್ತೀರಿ.

(ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ಹಂಪಮ್ಮ ಗಾಬರಿಯಿಂದ ಕುಕ್ಕರಿನ ಮುಚ್ಚಳ ಕಿತ್ತಳು. ಒಳಗಿನ ವಾಸನೆಗೆ ಓಣಿಯ ನಾಯಿಗಳು ಸಾಲಾಗಿ ಯರಗೇರಾ ಊರಿನ ದಾರಿ ಹಿಡಿದವು. ಬೂದಿ ಹಚ್ಚಿ ತಿಕ್ಕಿದಳು, ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಕುಕ್ಕರ್ ಹೊಳೆಯಿತು, ವಾಸನೆ ಮಾತ್ರ ಹೊಸದಾಗಿ ವಾರ್ನಿಷ್ ಹೊಡೆದ ಬಾಗಿಲಿನದೇ.)

ಹಂಪಮ್ಮ: ಇದರಾಗ ಬ್ಯಾಳಿ ಕುದಿಸಿದ್ರ ನೆಗೆಣ್ಣಿ ಉಂಡು ಕದ ಆಗತಾಳ. ಬಡೇಬೀ... ತಂಗಿ... ನಿಮ್ಮ ಅಣ್ಣ ಹೈದರಾಬಾದಿನಿಂದ ಏನೋ ಡಬ್ಬಿ ತಂದನಂತ ಕೇಳಿದೆ...

ಬಡೇಬೀ: ಹೂಂ ಅಕ್ಕಾ. ಕುಕ್ಕರ್ ತಂದಾನ. ನಿಮ್ಮದಕಿಂತ ದೊಡ್ಡದು.

ಹಂಪಮ್ಮ: ಒಂದ ತಾಸು ಕೊಡವ್ವಾ. ನನ್ನ ಮರ್ಯಾದಿ ನಿನ್ನ ಕೈಯಾಗದ.

ಬಡೇಬೀ: ಕೊಡಬಹುದಿತ್ತು ಅಕ್ಕಾ. ಆದ್ರ ಅದರ ಹಿಡಿಕಿ ಮುರದದ. ಹಿಟ್ಟಿನಾಗ ಇಟ್ಟೀನಿ, ಇನ್ನಾ ಕೂಡಿಲ್ಲ.

(ಹಂಪಮ್ಮನ ಮುಖ ನೋಡಿ ಬಡೇಬೀಗೆ ನಗು ತಡೆಯಲಾಗಲಿಲ್ಲ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗುವಿಗೆ ಹಂಪಮ್ಮನೂ ನಕ್ಕಳು; ಬೇರೆ ದಾರಿಯಿರಲಿಲ್ಲ.)

ಬಡೇಬೀ: ತರ್ತೀನಿ ತಡಿ. ಅಣ್ಣಾ, ನಾನು ಬರೋದರಾಗ ವಾಷರ್ ಸುಲ್ಟಾ ಆಗಿರಬೇಕು. ಇಲ್ಲಂದ್ರ ಓಣಿ ಸೈಕಲ್ಲೆಲ್ಲ ನೀವ ಬಾಯಿಲೆ ಊದಬೇಕು!

(ಕುಕ್ಕರ್ ಬಂತು. ನೆಗೆಣ್ಣಿಯೂ ಬಂದಳು. ವೀರಭದ್ರಮ್ಮ ಅಂದರೆ, ಕುದಿಯುವ ನೀರಿಗೂ "ಇನ್ನಾ ಸ್ವಲ್ಪ ಬಿಸಿ ಆಗಬೇಕು" ಎನ್ನುವ ಹೆಂಗಸು. ಒಲೆಯ ಮುಂದೆ ಕಾಲು ಚಾಚಿ ಕೂತಳು. ಮೊದಲ ಸೀಟಿಗೆ ಬೆಚ್ಚಿದಳು, ಎರಡನೆಯದಕ್ಕೆ ಶಿವಶಿವಾ ಎಂದಳು, ಮೂರನೆಯದಕ್ಕೆ ತಾಟು ಮುಂದಿಟ್ಟುಕೊಂಡಳು. ಮೂವರು ಹೆಂಗಸರೂ ಕೂತು ಅನ್ನ, ಬೇಳೆ ಉಂಡರು.)

ವೀರಭದ್ರಮ್ಮ: ನಂಬಿದೆ ಹಂಪೀ. ಖರೇನ ಬೆಣ್ಣಿ ಆಗ್ಯದ. ಆ ಮೂಲ್ಯಾಗ ಇನ್ನೊಂದು ಕಾಣತದಲ್ಲ, ಅದೂ ಕುಕ್ಕರೇನಾ?

ಹಂಪಮ್ಮ: ಹೂಂ ಅಕ್ಕಾ.

ವೀರಭದ್ರಮ್ಮ: ಒಂದು ಓಣ್ಯಾಗ ಎರಡು! ಹಂಗಾದ್ರ ಒಂದು ನಾನು ಮಾನವಿಗಿ ಒಯ್ತೀನಿ. ನಮ್ಮ ಓಣಿ ಹೆಣ್ಮಕ್ಕಳೂ ಒಮ್ಮಿ ನೋಡಲಿ. ಯಾವದು ಕೊಡ್ತೀರಿ?

(ಹಂಪಮ್ಮ ಬಡೇಬೀಯನ್ನು ನೋಡಿದಳು. ಬಡೇಬೀ ಹಂಪಮ್ಮನನ್ನು ನೋಡಿದಳು. ಬಡೇಬೀಯ ಸೆರಗು ತನ್ನಷ್ಟಕ್ಕೆ ತಾನೇ ಜಾರಿ ತನ್ನ ಕುಕ್ಕರಿನ ಮುಚ್ಚಳದ ಹಿಡಿಕೆಯ ಮೇಲೆ ಬಿತ್ತು.)

ಹಂಪಮ್ಮ, ಬಡೇಬೀ: (ಒಂದೇ ಉಸಿರಿನಲ್ಲಿ) ಹಿಡಿಕಿ ಮುರದದ!

(ಹಿತ್ತಲಿನಿಂದ ದಡದಡ ಹೆಜ್ಜೆ ಸಪ್ಪಳ. ಮುಖ ತುಂಬ ಎಣ್ಣೆ, ಕೈಯಲ್ಲಿ ಎರಡು ಹಿಡಿಕೆ, ಒಂದರಿಂದ ಇನ್ನೂ ಉದುರುತ್ತಿರುವ ಬಿಸಿ ಉಸುಕು, ಜಾತ್ರೆಯಲ್ಲಿ ಕಳೆದುಹೋದ ಮಗು ಸಿಕ್ಕವನಂತೆ ವಿರೂಪಣ್ಣ ಓಡಿ ಬಂದ.)

ವಿರೂಪಣ್ಣ: ಚಿಂತೀನ ಬ್ಯಾಡ ವೈನಿ! ಎರಡೂ ತಯಾರ್ ಅದಾವ! ಸಾವಿರ ವರ್ಷ ಸೀಳಂಗಿಲ್ಲ! ಲೇ, ಯಾವದಕ್ಕ ಕೂಡಸಲಿ?

ಹಂಪಮ್ಮ: ಮೊದಲು ನಿಮ್ಮ ಬಾಯಿಗೊಂದು ಮುಚ್ಚಳ ಮಾಡ್ರಿ. ಆಮ್ಯಾಲ ಅದಕ್ಕ ಕೂಡಸ್ರಿ.