ಅಡಿವೆಪ್ಪ ಮಾವನ ಮುಂಗಾಣ್ಕೆ ಮಗ್ಗ

"ಎಲ್ಲಾರೂ ಹಿಂದ ಸರೀರಿ!" ಎಂದು ಅಡಿವೆಪ್ಪ ಮಾವ ಕಾಂಪೌಂಡ್ ಗೋಡೆಯ ಪಕ್ಕದ ಏಣಿ ಹತ್ತಿ ನಿಂತು ಘೋಷಿಸಿದರು. ಹಿಂದೆ ಸರಿಯಲು ಅಲ್ಲಿ ಇದ್ದವಳು ನಾನೊಬ್ಬಳೇ. ಇನ್ನೊಂದು ನಮ್ಮ ಎಮ್ಮೆ. ಅದು ಸರಿಯಲಿಲ್ಲ.

ಗೋಡೆಯ ಮೇಲೆ, ಎರಡೂ ಮನೆಗಳ ಕಡೆಗೆ ಸಮನಾಗಿ ಕಾಲು ಚಾಚಿಕೊಂಡು ಹೊಸ ಯಂತ್ರ ಕೂತಿತ್ತು. ಹಳೆಯ ಮಗ್ಗದ ಚೌಕಟ್ಟು, ಫ್ಯಾನಿನ ಮೋಟಾರು, ಸತ್ತುಹೋದ ಕೆಲವು ಮೊಬೈಲ್ ಫೋನುಗಳು, ಮತ್ತು ಉದ್ದನೆಯ ತಂತಿಯ ತುದಿಯಲ್ಲಿ ನೇತಾಡುತ್ತಿದ್ದ ನನ್ನ ಹಿಟ್ಟಿನ ಸಾಣಿಗೆ!

"ಮಾವಾರ, ಅದು ನನ್ನ ಸಾಣಿಗಿ!"

"ನಿನ್ನೆ ತನಕ ಸಾಣಿಗಿ ಆಗಿತ್ತವ್ವಾ ದಾನೇಶ್ವರಿ. ಇವತ್ತಿಂದ ಅದು ಶಿರಸ್ತ್ರಾಣ!"

ಅಡಿವೆಪ್ಪ ಮಾವ ನನ್ನ ಗಂಡನ ಸೋದರಮಾವ. ಬೆಟಗೇರಿಯ ಪವರ್‌ಲೂಮುಗಳನ್ನು ಆಯುಷ್ಯವಿಡೀ ರಿಪೇರಿ ಮಾಡಿದವರು. ನಿವೃತ್ತರಾದ ಮೇಲೆ, ಕೆಡದೇ ಇರುವ ವಸ್ತುಗಳನ್ನೂ ರಿಪೇರಿ ಮಾಡಲು ಶುರು ಮಾಡಿದ್ದಾರೆ.

"ನೋಡವ್ವಾ, ಅರಿವಿ ಹೆಂಗ ಆಗ್ತೈತಿ? ಉದ್ದಕ ಹಾಸಿನ ನೂಲು, ಅಡ್ಡಕ ಹೊಕ್ಕಿನ ನೂಲು. ಮುಂದ ಬರೂದೂ ಹಂಗ. ಆಡೋರ ಆಸೆ ಹಾಸು, ಆಡೋರ ಅಂಜಿಕಿ ಹೊಕ್ಕು. ಎರಡನ್ನೂ ಕೂಡಿಸಿ ನೇಯ್ದ್ರ ಎರಡನೇ ಆಟ ಹೆಂಗಿರ್ತೈತಿ ಅನ್ನೂದು ಈಗ ಕಾಣ್ತೈತಿ. ಇದರ ಹೆಸರು ಮುಂಗಾಣ್ಕೆ ಮಗ್ಗ!"

ಎರಡನೇ ಆಟ ಎಂದರೆ ‘ಕೋಟೆ ಕದನ’ದ ಎರಡನೇ ಭಾಗ. ಮೊದಲನೆಯದನ್ನು ನಮ್ಮ ಮನೆಯವರು, ಮಾವ, ನಾನು, ಓಣಿಯ ಅರ್ಧ ಜನ ಫೋನಿನಲ್ಲಿ ಆಡುತ್ತೇವೆ. ನಾಲ್ಕು ಜನರ ತಂಡ ಪಾಳುಕೋಟೆಯೊಳಗೆ ನುಗ್ಗಬೇಕು, ಎದುರಿನ ತಂಡದವರಿಗೆ ಗುಂಡು ಹೊಡೆಯಬೇಕು, ತಾವು ಸಾಯದೆ ಹೊರಗೆ ಬರಬೇಕು. ಯಾವ ದೇಶದಲ್ಲೋ ಕೂತ ಕಂಪನಿಯವರು ದೀಪಾವಳಿಗೆ ಎರಡನೆಯದು ಬರುತ್ತದೆ, ಅದು ಬಂದ ದಿನವೇ ಮೊದಲನೆಯದರ ಬಾಗಿಲು ಮುಚ್ಚುತ್ತದೆ ಎಂದು ಸಾರಿದ್ದರು. ಅಂದಿನಿಂದ ಆಡುವವರು ಗುಂಡು ಹಾರಿಸುವುದು ಬಿಟ್ಟು ಅದನ್ನೇ ಮಾತಾಡುತ್ತಿದ್ದರು. ನೀರಿನ ಗೋಪುರ ಉಳಿಯುತ್ತದೆಯೋ? ಗಳಿಸಿದ ಬಂದೂಕು ಹೊಸ ಆಟಕ್ಕೆ ಬರುತ್ತದೆಯೋ? ಹಳೆಯ ಫೋನು ತಡೆಯುತ್ತದೆಯೋ, ರೊಟ್ಟಿ ಬೇಯಿಸುವಷ್ಟು ಕಾಯುತ್ತದೆಯೋ? ಹೊಸ ಸೊಸೆ ಬರುವ ಮನೆಯಲ್ಲಿ ಅತ್ತೆಗೆ ಇರುವಷ್ಟು ಆಸೆ, ಅಷ್ಟೇ ಅಂಜಿಕೆ.

ಎಲ್ಲಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿತ್ತು. ಆಡುತ್ತ ಫೋನಿನಲ್ಲೇ ಮಾತಾಡುವಾಗ ಒಬ್ಬರಿಗೊಬ್ಬರು ಬಯ್ದುಕೊಳ್ಳುವುದು ವಿಪರೀತವಾಗಿ, ಎರಡನೆಯದರಲ್ಲಿ ಮಾತನ್ನೇ ತೆಗೆದುಹಾಕುತ್ತಾರಂತೆ. ಬರೀ ಕೈಸನ್ನೆಯ ಚಿತ್ರಗಳಂತೆ. ಬೇರೆಯವರಿಗೆ ಇದು ಸಣ್ಣ ವಿಷಯವಿರಬಹುದು. ನಮ್ಮ ಮನೆಯಲ್ಲಿ ಈ ಸುದ್ದಿ ಬಂದ ದಿನ ನನ್ನ ಗಂಡ ಅರ್ಧ ರೊಟ್ಟಿಗೆ ಎದ್ದುಬಿಟ್ಟರು.

ಕಾರಣ ಹೇಳುತ್ತೇನೆ. ನನ್ನ ಗಂಡ ವಿರೂಪಾಕ್ಷ ಮತ್ತು ಗೋಡೆಯಾಚೆಯ ಅವರ ಅಣ್ಣ, ನಮ್ಮ ಭಾವ ಮುರಗೇಶ, ಮಾತು ಬಿಟ್ಟು ಮೂರು ವರ್ಷ. ಜಗಳ ನೀರಿನದು. ನಮ್ಮ ಓಣಿಗೆ ನೀರು ಬರುವುದೇ ಎಂಟು ಹತ್ತು ದಿನಕ್ಕೊಮ್ಮೆ. ಒಂದೇ ಪೈಪು ಬಂದು ಗೋಡೆಯ ಬುಡದಲ್ಲಿ ಎರಡಾಗುತ್ತದೆ. ಭಾವನವರು ತಮ್ಮ ಕವಲಿಗೆ ಮೋಟಾರು ಹಚ್ಚಿದರು. ಅವತ್ತು ಅವರ ಟಾಕಿ ತುಂಬಿ ಹರಿಯಿತು, ನಮಗೆ ಚರಿಗೆ ತೊಳೆಯುವಷ್ಟೂ ಸಿಗಲಿಲ್ಲ. ಇವರು ಅನ್ನಬಾರದ ಒಂದು ಮಾತು ಅಂದರು, ಅವರು ಅದಕ್ಕಿಂತ ದೊಡ್ಡದನ್ನು ಅಂದರು, ಮರುವಾರ ಗೋಡೆ ಒಂದು ಮೊಳ ಮೇಲೆದ್ದಿತು. ನಾನೂ ಭಾವನವರ ಹೆಂಡತಿ ನೀಲಕ್ಕನೂ ಮಾತ್ರ ಮಾತು ಬಿಡಲಿಲ್ಲ. ಅವಳು ಅದೇ ಗೋಡೆಯ ಮೇಲಿಂದ ಚಟ್ನಿ ಕೊಡುತ್ತಿದ್ದಳು, ನಾನು ಮಜ್ಜಿಗೆ ಕೊಡುತ್ತಿದ್ದೆ.

ಮಾತು ಬಿಡುವುದಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮಗಳಿವೆ. ಎದುರಿಗೇ ನಿಂತಿದ್ದರೂ ಮೂರನೆಯವರ ಮೂಲಕವೇ ಹೇಳಬೇಕು. ಆ ಮೂರನೆಯವರು ಅಡಿವೆಪ್ಪ ಮಾವ. ಹೀಗಿರುವಾಗ ಒಂದು ಮಧ್ಯಾಹ್ನ ನನ್ನ ಗಂಡನ ತಂಡಕ್ಕೆ ‘ಕರಿಹುಲಿ’ ಎಂಬ ಹೊಸ ಆಟಗಾರ ಬಂದ. ಅವನು ಒಂದು ವಾಕ್ಯ ಮಾತಾಡಿದ್ದೇ ತಡ, ಇವರ ಕೈ ನಿಂತುಬಿಟ್ಟಿತು. ಆ ದನಿ ಫೋನಿನಲ್ಲಿ ಬರುವುದಕ್ಕಿಂತ ಸ್ವಲ್ಪ ಮೊದಲೇ ಗೋಡೆಯಾಚೆಯಿಂದ ಬಂದಿತ್ತು! ಇಬ್ಬರಿಗೂ ತಿಳಿಯಿತು. ಇಬ್ಬರೂ ತಂಡ ಬಿಡಲಿಲ್ಲ. "ಆಟದ ಮಾತು ಮಾತಲ್ಲ" ಎಂದು ಮಾವ ತೀರ್ಪು ಕೊಟ್ಟರು. ಅಂದಿನಿಂದ ಇಬ್ಬರೂ ತಮ್ಮ ತಮ್ಮ ಮನೆಯ ಮಗ್ಗ ನಿಲ್ಲಿಸಿ ಉಂಡ ಮೇಲೆ ದಿನಾ ಅದೇ ದನಿ.

"ಎಡಕ ಹೋಗಬ್ಯಾಡ, ಅಲ್ಲಿ ಮೂವರು ಅದಾರ. ನನ್ನ ಹಿಂದ ಬಾ."

"ಬಂದೆ."

"ಇವತ್ತ ಭಾಳ ಓಡಬ್ಯಾಡ. ನಿನಗ ಜ್ವರ ಐತಿ."

ಇವರಿಗೆ ಜ್ವರ ಬಂದದ್ದು ಕರಿಹುಲಿಗೆ ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ. ನಾನು ಅವತ್ತು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಈಗ ಎರಡನೆಯದರಲ್ಲಿ ಮಾತೇ ಇಲ್ಲವೆಂದರೆ, ಈ ಇಬ್ಬರಿಗೆ ಉಳಿದಿದ್ದ ಒಂದೇ ಕಿಂಡಿಯೂ ಮುಚ್ಚಿದಂತೆ.

ಮಾವ ಸಾಣಿಗೆ ತಲೆಗೇರಿಸಿ ಗುಂಡಿ ಒತ್ತಿದರು. ಲಾಳಿ ಟಕಟಕ ಓಡಿತು. ಮಗ್ಗದಿಂದ ಗೇಣುದ್ದ ಬಟ್ಟೆ ಇಳಿಯಿತು. ಅದರಲ್ಲಿ ಮಾವನವರೇ ಕೋಟೆಯ ತುದಿಯಲ್ಲಿ ನಿಂತಿದ್ದರು, ತಲೆ ತುಂಬ ಕರಿಗೂದಲು! ಅವರ ತಲೆ ಬೋಳಾದದ್ದು ನಾನು ಸೊಸೆಯಾಗಿ ಬರುವುದಕ್ಕಿಂತ ಮೊದಲು.

"ನೋಡಿದ್ಯಾ? ಎರಡನೇದ್ರಾಗ ಕೂದಲಾನೂ ಕೊಡ್ತಾರ!"

ಮಾವನವರ ಕೂಗು ಕೇಳಿ ನನ್ನ ಗಂಡ ಹೊರಗೆ ಬಂದರು. ಸಾಣಿಗೆ ಅವರ ತಲೆಗೇರಿತು.

"ಬರೇ ಆಸೆ ನೆನಸು ವಿರೂಪಾಕ್ಷಾ. ಅಂಜಿಕಿ ತಾನ ಬರ್ತೈತಿ."

ಬಂತು! ಲಾಳಿ ಹುಚ್ಚು ಹಿಡಿದಂತೆ ಓಡಿತು. ಬಟ್ಟೆಯಲ್ಲಿ ಕೋಟೆ ಮೂಡಿತು. ಹೆಜ್ಜೆಗೊಂದು ಬಾಗಿಲು, ಪ್ರತಿ ಬಾಗಿಲಲ್ಲೂ ಜಾಹೀರಾತು. ಗುಂಡು ಹೊಡೆಯಲು ಹೋದ ಸಿಪಾಯಿಯ ಬಂದೂಕಿನಲ್ಲಿ ಮೊದಲು ತಲೆಗೂದಲಿನ ಎಣ್ಣೆಯ ಜಾಹೀರಾತು ಮುಗಿಯಬೇಕು; ಅಷ್ಟರಲ್ಲಿ ಅವನೇ ಸತ್ತಿದ್ದ. ಚಿತ್ರದೊಳಗಿನ ಫೋನುಗಳಿಂದ ಹೊಗೆ ಏಳುತ್ತಿತ್ತು. ಆಮೇಲೆ ಸಾಲಾಗಿ ಮನುಷ್ಯರು ಮೂಡತೊಡಗಿದರು, ಎಲ್ಲರ ಬಾಯಿಗೂ ಹೊಲಿಗೆ.

"ಸಾಕು ಮಾವಾ, ನಿಲ್ಲಸು!" ಎಂದರು ಇವರು.

ಮಾವ ಗುಂಡಿ ಒತ್ತಿದರು. ಲಾಳಿ ನಿಲ್ಲಲಿಲ್ಲ. "ಹಾಸು ಸಾಲೂದಿಲ್ಲ! ಆಸೆ ಒಂದ ಎಳಿ, ಅಂಜಿಕಿ ಗಾಡಿಗಟ್ಟಲೆ! ಇನ್ನೊಬ್ಬನ ಆಸೆ ಬೇಕು, ಜಲ್ದಿ!"

ಚಟ್ನಿ ಇಸಿದುಕೊಳ್ಳುವಾಗ ಹತ್ತುವ ಕಲ್ಲಿನ ಮೇಲೆ ನಿಂತು ನೋಡಿದೆ. ಗೋಡೆಯಾಚೆ ಭಾವನವರು ಆಗಿನಿಂದಲೂ ಸೈಕಲ್ ಒರೆಸುವ ನೆಪದಲ್ಲಿ ನಿಂತಿದ್ದರು. ಆ ಸೈಕಲ್ಲು ಅಷ್ಟು ಹೊಳೆದದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಮಾವಾ, ಆ ಕಡೆಯವರಿಗೆ ಹೇಳು, ಬರೇ ಕೆಟ್ಟದ್ದ ನೆನಸಿದ್ರ ಹಿಂಗ ಆಗ್ತೈತಿ ಅಂತ!"

"ಮಾವಾ, ಆ ಕಡೆಯವರಿಗೆ ಹೇಳು, ತಾವು ಒಳ್ಳೇದ ನೆನಸಿ ತೋರಿಸ್ಲಿ ಅಂತ!"

"ಹೇಳಿದೆ, ಇಬ್ಬರಿಗೂ ಹೇಳಿದೆ!" ಎನ್ನುತ್ತ ಮಾವ ಇನ್ನೊಂದು ತಂತಿಯನ್ನು ಆಚೆಗೆ ಎಸೆದರು. ಅದರ ತುದಿಯಲ್ಲಿ ನೀಲಕ್ಕನ ಸಾಣಿಗೆ ಇತ್ತು. ಒಳಗಿನಿಂದ ನೀಲಕ್ಕ ಚೀರಿದಳು. ಭಾವ ಅದನ್ನು ತಲೆಗೆ ಹಾಕಿಕೊಂಡರು.

ಅವರ ಆಸೆ ಎಲ್ಲಿತ್ತೋ ದೇವರೇ ಬಲ್ಲ. ಅಂಜಿಕೆಯ ಹೊಕ್ಕು ಎರಡರಷ್ಟಾಯಿತು! ಬಟ್ಟೆ ಗೋಡೆಯಿಳಿಯಿತು, ಪೇರಲ ಗಿಡಕ್ಕೆ ಸುತ್ತಿತು, ಎಮ್ಮೆಯ ಮೈತುಂಬ ಹೊದಿಕೆಯಾಯಿತು. ಎಮ್ಮೆ ಮದುವೆಗೆ ಹೊರಟವರಂತೆ ಗಂಭೀರವಾಗಿ ಬೀದಿಗೆ ನಡೆಯಿತು. ಬಟ್ಟೆಯ ಉದ್ದಕ್ಕೂ ಈಗ ಒಂದೇ ಚಿತ್ರ, ಹೊಲಿದ ಬಾಯಿ.

ಮಾವ ದಡಬಡ ಏಣಿ ಇಳಿದರು. "ಅಂಜಿಕಿ ಹೆಚ್ಚಾಗೇತಿ. ಭೂಮಿಗೆ ಇಳಸಬೇಕು!"

ಬೆಟಗೇರಿಯ ಹಳೆಯ ಮೆಕ್ಯಾನಿಕ್ಕುಗಳಿಗೆ ಗೊತ್ತಿರುವುದು ಒಂದೇ ಮದ್ದು. ಯಂತ್ರ ಶಾಕ್ ಹೊಡೆದರೆ ಒಂದು ತಂತಿ ತೆಗೆದು ನೀರಿನ ಪೈಪಿಗೆ ಬಿಗಿಯುವುದು. ಮಾವ ಹಾಗೇ ಮಾಡಿದರು. ಗೋಡೆಯ ಬುಡದಲ್ಲಿ, ಪೈಪು ಎರಡಾಗುವ ಜಾಗದಲ್ಲಿ ತಂತಿ ಸುತ್ತಿದರು. ಲಾಳಿ ನಿಂತಿತು. ಮಾವ ಮೀಸೆ ತಿರುವುತ್ತ ಮತ್ತೆ ಏಣಿ ಹತ್ತಿದರು.

ಅಷ್ಟರಲ್ಲಿ ಓಣಿಯ ತುದಿಯಿಂದ ಕೂಗು ಕೇಳಿತು. "ನೀರು ಬಂದ್ವೋ!"

ಒಂಬತ್ತು ದಿನದ ಮೇಲೆ ಬಂದ ನೀರು. ಹೆಂಗಸರೆಲ್ಲ ಕೊಡ ಹಿಡಿದು ನಳದ ಬುಡಕ್ಕೆ ಓಡಿದರು. ನಳಗಳು ಎಂದಿನಂತೆ ಮೊದಲು ಬುಸ್ಸೆಂದು ಗಾಳಿ ಬಿಟ್ಟವು. ಆಮೇಲೆ ನೀರಿನ ಬದಲು ನನ್ನ ಗಂಡನ ದನಿ ಬಂತು!

"ನನ್ನ ಫೋನು ಹಳೇದು. ಎರಡನೇ ಆಟ ತಡಿತೈತೋ ಇಲ್ಲೋ," ಎಂದಿತು ಎದುರುಮನೆಯ ತುಂಗವ್ವಜ್ಜಿಯ ನಳ.

ಅಜ್ಜಿ ಗಾಬರಿಯಿಂದ ತಿರುವಿ ಮುಚ್ಚಿ, ಮತ್ತೆ ತೆರೆದಳು. "ಆ ನೀರಿನ ಗೋಪುರ ಇರಬೇಕು. ಇಲ್ಲಂದ್ರ ನಾ ಎಲ್ಲಿ ಅಡಗ್ಲಿ?"

"ನನ್ನ ನಳದಾಗ ಯಾಕ ಅಡಗೀಯೋ ವಿರೂಪಾಕ್ಷಾ, ಹೊರಗ ಬಾ!"

ಓಣಿಯೆಲ್ಲ ನಕ್ಕಿತು. ಭೂಮಿಗೆ ಇಳಿಯಬೇಕಾದ ಅಂಜಿಕೆ ಪೈಪು ಹಿಡಿದು ಓಣಿಗೆ ಬಂದಿತ್ತು. ಪಕ್ಕದ ನಳದಲ್ಲಿ ಭಾವನವರ ದನಿ. "ಹೊಸ ಆಟಕ್ಕ ಹೊಸ ಹುಡುಗರು ಬರ್ತಾರ. ನನ್ನ ಕಣ್ಣಿಗೆ ಚಾಳೀಸು ಬಂದೈತಿ. ತಂಡದಾಗ ನನ್ನ ಇಟ್ಕೋತಾರೋ ಇಲ್ಲೋ." ಈ ಸಲ ನಕ್ಕವರು ಕಡಿಮೆ.

ನನ್ನ ಗಂಡ ತಂತಿ ಕೀಳಲು ಬಗ್ಗಿದರು. ಆಗ ನಮ್ಮ ಅಂಗಳದ ನಳವೇ ಮಾತಾಡಿತು. ಭಾವನವರ ದನಿ, ಮೆಲ್ಲಗೆ.

"ಎರಡನೇದ್ರಾಗ ಮಾತು ಇರೂದಿಲ್ಲಂತ. ಹಂಗಾದ್ರ ತಮ್ಮನ ದನಿ ನಾ ಎಲ್ಲಿ ಕೇಳ್ಲಿ? ಆ ಮಾತು ನಾ ಅನಬಾರದಿತ್ತು. ಅವ್ವ ಇದ್ದಿದ್ರ ಇಬ್ಬರನ್ನೂ ಒಂದ ತಾಟಿನಾಗ ಕೂಡಿಸಿ ಉಣಸ್ತಿದ್ಲು."

ಗೋಡೆಯಾಚೆ ಅವರ ನಳದಲ್ಲಿ ನನ್ನ ಗಂಡನ ದನಿ. "ಆಟ ಹೋದ್ರ ಹೋಗ್ಲಿ. ಅಣ್ಣ ‘ನನ್ನ ಹಿಂದ ಬಾ’ ಅನ್ನೂದು ಹೋಗಬಾರದು."

ಆ ದನಿಗಳ ಬೆನ್ನಿಗೇ ನೀರು ಬಂತು. ಕೊಡಗಳು ತುಂಬಿದವು. ತುಂಬಿ ಹರಿದವು. ಒಬ್ಬರೂ ನಳಕ್ಕೆ ಕೈ ಹಚ್ಚಲಿಲ್ಲ. ಒಂದು ಲೋಟ ಚೆಲ್ಲಿದರೆ ವಾರವಿಡೀ ಬಯ್ಯುವ ಓಣಿ ನಮ್ಮದು. ಅವತ್ತು ನೀರು ಮೋರಿಯಲ್ಲಿ ಹರಿದು ಹೋಗುತ್ತಿತ್ತು. ತುಂಗವ್ವಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಒರೆಸಿಕೊಳ್ಳಲೂ ಇಲ್ಲ.

ಭಾವನವರು ಗೋಡೆಯ ಹತ್ತಿರ ಬಂದರು. ಏರಿಸಿದ ಗೋಡೆಯಿಂದಾಗಿ ಮುಖ ಕಾಣುತ್ತಿರಲಿಲ್ಲ. ತಲೆಯ ಮೇಲಿನ ಸಾಣಿಗೆಯಷ್ಟೇ ಕಾಣುತ್ತಿತ್ತು. ಈಚೆ ನನ್ನ ಗಂಡನ ಸಾಣಿಗೆ. ಎರಡೂ ಸಾಣಿಗೆಗಳು ಎದುರುಬದುರಾದವು.

"ಮೋಟಾರ್ ಹಚ್ಚಿಲ್ಲ," ಎಂದರು ಭಾವ. "ನಿನ್ನ ಟಾಕಿ ತುಂಬಿಸ್ಕೋ."

ಮಾವ ರೂಢಿಯಂತೆ ಈಚೆ ತಿರುಗಿದರು. "ವಿರೂಪಾಕ್ಷಾ, ಅಣ್ಣ ಏನಂತಾನಂದ್ರ..."

"ನನಗ ಕೇಳಿಸ್ತು ಮಾವಾ."

ಇವರು ಎರಡು ಸಲ ಕೆಮ್ಮಿ, ಆಚೆಯ ಸಾಣಿಗೆಗೆ ಹೇಳಿದರು.

"ನಿಂದು ತುಂಬೇತೇನ, ಅಣ್ಣಾ?"

ಮಾತು ದಾಟಿಸುವ ಮೂರು ವರ್ಷದ ನೌಕರಿ ಒಂದೇ ನಿಮಿಷದಲ್ಲಿ ಹೋಯಿತು. ಅಡಿವೆಪ್ಪ ಮಾವ ಏಣಿಯಿಂದ ಇಳಿದು ಕಟ್ಟೆಯ ಮೇಲೆ ಕೂತರು.

ದೀಪಾವಳಿಗೆ ಎರಡನೇ ಆಟ ಬಂತು. ನೀರಿನ ಗೋಪುರ ಇಲ್ಲ. ಬಂದೂಕುಗಳು ಬರಲಿಲ್ಲ. ಮಾವನವರಿಗೆ ಕೂದಲೂ ಸಿಗಲಿಲ್ಲ. ಆದರೆ ಮಾತು ಇತ್ತು! ಆ ಸುದ್ದಿಯೇ ಸುಳ್ಳಾಗಿತ್ತು. ತಮ್ಮ ಯಂತ್ರಕ್ಕೆ ಅಂಜಿ ಕಂಪನಿಯವರು ಮನಸ್ಸು ಬದಲಿಸಿದರೆಂದು ಮಾವ ಈಗಲೂ ವಾದಿಸುತ್ತಾರೆ. ಅಣ್ಣತಮ್ಮಂದಿರು ನಾಲ್ಕು ದಿನ ಆಡಿ ಬಿಟ್ಟರು. ಏರಿಸಿದ ಒಂದು ಮೊಳ ಗೋಡೆಯನ್ನು ಕೆಡವಿ, ಆ ಕಲ್ಲಿನ ಮೇಲೆ ಕೂತು ಮಧ್ಯಾಹ್ನವೆಲ್ಲ ಬಾಯಿತುಂಬ ಜಗಳಾಡುತ್ತಾರೆ.

ಮಾವ ನನ್ನ ಸಾಣಿಗೆ ವಾಪಸು ತಂದುಕೊಟ್ಟರು. ತಂತಿ ಬಿಚ್ಚಿರಲಿಲ್ಲ, ಅದರ ಇನ್ನೊಂದು ತುದಿ ಇನ್ನೂ ಪೈಪಿಗೇ ಸುತ್ತಿಕೊಂಡಿತ್ತು. ನಾನೂ ಗಮನಿಸಲಿಲ್ಲ. ಜೋಳದ ಹಿಟ್ಟು ಸಾಣಿಸುತ್ತ ಏನೇನೋ ಯೋಚಿಸಿದ್ದೆ. ಮರುದಿನ ನೀರು ಬಂತು. ಓಣಿಯ ಅಷ್ಟೂ ನಳಗಳು ಒಟ್ಟಿಗೆ, ನನ್ನ ದನಿಯಲ್ಲಿ ಹೇಳಿದವು.

"ನೀಲಕ್ಕನ ಚಟ್ನಿಗೆ ಉಪ್ಪಿಲ್ಲ, ಖಾರಿಲ್ಲ. ಮೂರು ವರ್ಷ ಇಸ್ಕೊಂಡು ಎಮ್ಮಿಗೆ ಹಾಕೀನಿ. ಅಕಿಗೆ ಗೊತ್ತಾದ್ರ ಏನ್ ಗತಿ?"

ಗೊತ್ತಾಯಿತು. ನೀಲಕ್ಕ ನನ್ನೊಡನೆ ಮಾತು ಬಿಟ್ಟಳು. ಮಾವನವರಿಗೆ ಮತ್ತೆ ನೌಕರಿ ಸಿಕ್ಕಿತು.

ಹೋದ ವಾರ ಎರಡನೇ ಆಟದಲ್ಲಿ ನನ್ನ ತಂಡಕ್ಕೆ ‘ಹಸಿಮೆಣಸು’ ಎಂಬ ಹೊಸಬಳು ಬಂದಳು. "ಎಡಕ ಹೋಗಬ್ಯಾಡ, ನನ್ನ ಹಿಂದ ಬಾ," ಎಂದಳು. ದನಿ ಫೋನಿನಲ್ಲಿ ಬರುವುದಕ್ಕಿಂತ ಸ್ವಲ್ಪ ಮೊದಲೇ ಗೋಡೆಯಾಚೆಯಿಂದ ಬಂದಿತ್ತು. ನಾನು ಸುಮ್ಮನೆ ಅವಳ ಹಿಂದೆ ಹೋದೆ. ಅವಳ ಗುರಿ ತುಂಬ ಚೆನ್ನಾಗಿದೆ. ಚಟ್ನಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.