ಭೀಮಣ್ಣನ ನಾಡಿ, ನನ್ನ ನಾಲಿಗೆ

ಕೆಲವರಿಗೆ ಹಾಡಲು ಬರುತ್ತದೆ, ಕೆಲವರಿಗೆ ಈಜಲು ಬರುತ್ತದೆ. ನನಗೆ ಕಾಯಿಲೆಯವರನ್ನು ನೋಡಿಕೊಂಡು ಬರಲು ಬರುತ್ತದೆ. ಇದೂ ಒಂದು ವಿದ್ಯೆಯೇ ಎಂದು ನೀವು ಕೇಳಬಹುದು. ನೀವು ಇನ್ನೂ ಹಾಸಿಗೆ ಹಿಡಿದಿಲ್ಲ, ಹಿಡಿದಿದ್ದರೆ ನಾನೇ ಬಂದು ಒಪ್ಪಿಸುತ್ತಿದ್ದೆ. ವಿದ್ಯೆ ನನಗೆ ನಮ್ಮ ತಂದೆಯವರಿಂದ ಬಂದದ್ದು. ಧಾರವಾಡದಲ್ಲಿ ಯಾರ ಮನೆಯಿಂದ ಕಷಾಯದ ವಾಸನೆ ಬಂದರೂ ಅವರು ಹೆಗಲ ಮೇಲೆ ಶಲ್ಯ ಹಾಕಿಕೊಂಡು ಹೊರಟೇಬಿಡುತ್ತಿದ್ದರು. ಹಾಸಿಗೆಯ ಪಕ್ಕ ಕೂತು ‘ಹ್ಯಾಂಗದ?’ ಎಂದು ಕೇಳುವರು. ಉತ್ತರ ಬರುವ ಮೊದಲೇ ಅದೇ ಬೇನೆ ಬಂದಿದ್ದ ಇನ್ನೊಬ್ಬರ ಕಥೆ ತೆಗೆಯುವರು. ಕಥೆ ಉದ್ದವಾಗಿರುತ್ತಿತ್ತು, ಅದರಲ್ಲಿ ಬರುವ ಮನುಷ್ಯನ ಆಯುಷ್ಯ ಮಾತ್ರ ಗಿಡ್ಡವಾಗಿರುತ್ತಿತ್ತು. ಹಿಂಗೆಲ್ಲ ಯಾಕೆ ಹೇಳುತ್ತೀರಿ ಎಂದು ನಾನೊಮ್ಮೆ ಕೇಳಿದ್ದಕ್ಕೆ, “ಈ ಬ್ಯಾನಿ ತನಗೊಬ್ಬಗ ಬಂದದ್ದಲ್ಲ ಅಂತ ರೋಗಿಗೆ ಧೈರ್ಯ ಬರಬೇಕಲೇ” ಎಂದರು. ನಾನು ಅದನ್ನು ವೇದವಾಕ್ಯದಂತೆ ಹಿಡಿದುಕೊಂಡೆ.

ಪುಣೆಗೆ ಬಂದು, ಕ್ಯಾಂಪಿನ ಮಿಲಿಟರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲೆ ಈ ವಿದ್ಯೆಗೆ ಸ್ವಲ್ಪ ಬರಗಾಲ ಬಂತು. ಪುಣೆಯ ಜನ ಕಾಯಿಲೆಯಲ್ಲೂ ಸಂಕ್ಷಿಪ್ತ. ನಮ್ಮ ವಾಡೆಯ ವಠಾರದ ಮರಾಠಿ ಮನೆಯವರೊಬ್ಬರಿಗೆ ಕಾಮಾಲೆಯಾದಾಗ ನಾನು ಮೋಸಂಬಿ ಹಿಡಿದುಕೊಂಡು ಹೋದೆ. ಅವರು ಬಾಗಿಲ ಸಂದಿಯಿಂದಲೇ ‘ಈಗ ಬರಾ ಇದೆ’, ಅಂದರೆ ಗುಣವಾಗಿದೆ, ಎಂದು ಹೇಳಿ, ಹಣ್ಣು ತೆಗೆದುಕೊಂಡು, ಬಾಗಿಲು ಹಾಕಿದರು. ಅದರಲ್ಲೂ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಯಮಧರ್ಮ ಬಂದರೂ ಈ ಊರಿನಲ್ಲಿ ಅಂಗಳದಲ್ಲಿ ಕಾಯಬೇಕು; ಒಳಗೆ ವಾಮಕುಕ್ಷಿ ನಡೆದಿರುತ್ತದೆ. ಆ ಊಟದ ಮೇಲಿನ ನಿದ್ದೆಯೊಂದನ್ನು ನಾನು ಪುಣೆಯವರಿಂದ ಬಹಳ ಶ್ರದ್ಧೆಯಿಂದ ಕಲಿತೆ. ಅದನ್ನು ಬಿಟ್ಟರೆ ನನ್ನ ಉಳಿದ ಶಕ್ತಿಯೆಲ್ಲ ಇಲ್ಲಿಯ ಕನ್ನಡ ಮನೆಗಳಿಗೆ ಮೀಸಲಾಯಿತು. ಯಾರಿಗೆ ಜ್ವರ ಬಂದರೂ ಥರ್ಮಾಮೀಟರಿಗಿಂತ ಮೊದಲು ನಾನು ಹೋಗಿರುತ್ತಿದ್ದೆ.

ಹೀಗಿರುವಾಗ ನನ್ನ ಬಾಲ್ಯದ ಗೆಳೆಯ ಭೀಮಣ್ಣನಿಗೆ ಹರ್ನಿಯಾ ಆಯಿತು. ಭೀಮಣ್ಣ ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ಆರಡಿ ಆಳು, ಅದಕ್ಕೆ ತಕ್ಕ ಮೀಸೆ. ದಿನವಿಡೀ ತೋಪಿನ ಗುಂಡುಗಳ ನಡುವೆ ಓಡಾಡುವ ಈ ಮನುಷ್ಯ ಸೂಜಿ ಕಂಡರೆ ಮಾತ್ರ ಬೆವರುತ್ತಿದ್ದ. ಅವನನ್ನು ಆಸ್ಪತ್ರೆಗೆ ಸೇರಿಸಿದರು. ದೊಡ್ಡ ಡಾಕ್ಟರು ನೋಡಿ, “ಕೊಯ್ಯಬೇಕು. ಆದರೆ ನಾಡಿ ಹೀಗೆ ಕುಣಿಯುತ್ತಿರುವಾಗ ಕ್ಲೋರೋಫಾರ್ಮ್ ಕೊಡುವುದಿಲ್ಲ. ಮೊದಲು ಮನುಷ್ಯ ಶಾಂತನಾಗಲಿ. ಬಹಳ ದಿನ ತಡವಾಗಿ ಕರುಳು ಸಿಕ್ಕಿಕೊಂಡರೆ ಆಮೇಲೆ ನಮ್ಮ ಕೈಯಲ್ಲಿಲ್ಲ” ಎಂದರು. ಭೀಮಣ್ಣ ಎಂದರೆ ನನಗೆ ಒಡಹುಟ್ಟಿದವನಿಗಿಂತ ಹೆಚ್ಚು. ಅವನನ್ನು ಶಾಂತ ಮಾಡುವ ಹೊಣೆ ನನ್ನದೇ ಎಂದು ಆ ಕ್ಷಣವೇ ನಿಶ್ಚಯಿಸಿದೆ. ಕಚೇರಿ ಬಿಟ್ಟ ಕೂಡಲೇ ಸೈಕಲ್ ತುಳಿದುಕೊಂಡು, ವಾರಕ್ಕೆ ನಾಲ್ಕು ಸಲವಾದರೂ ಆಸ್ಪತ್ರೆಗೆ ಹೋಗತೊಡಗಿದೆ.

ವಾರ್ಡಿನ ಸಿಸ್ಟರ್ ಸುಗುಣಾಬಾಯಿ ನಮ್ಮ ಬೆಟಗೇರಿ ಕಡೆಯವಳು. ಚಿಕ್ಕ ವಯಸ್ಸು, ಚೂಪು ಕಣ್ಣು, ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲ್. ಭೀಮಣ್ಣನ ಮಂಚದ ಕಾಲಕಡೆ ನಾಡಿಯ ಚಾರ್ಟು ತೂಗುಹಾಕಿತ್ತು. ನಾನು ಬಂದುಹೋದ ದಿನಗಳಲ್ಲಿ ಮಾತ್ರ ಅದರ ಮೇಲೆ ಒಂದು ಕೆಂಪು ಚಿಕ್ಕೆ ಇರುವುದನ್ನು ಎರಡನೆಯ ವಾರದಲ್ಲಿ ಕಂಡುಹಿಡಿದೆ. ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಮನೆಗೆ ಬಂದು, “ನೋಡೇ, ಆಸ್ಪತ್ರಿಯೊಳಗ ನನಗ ಕುಂಕುಮಾ ಇಡ್ಲಿಕತ್ತಾರ” ಎಂದೆ. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಕುರಿಗೂ ಇಡ್ತಾರ” ಎಂದಳು. ಈ ಹೆಂಗಸಿಗೆ ಗಂಡನ ಏಳಿಗೆ ಎಂದೂ ಕಣ್ಣಿಗೆ ಬಿದ್ದಿಲ್ಲ. ಪಕ್ಕದ ಮಂಚದಲ್ಲೊಬ್ಬ ಮರಾಠಿ ಪೆನ್ಶನ್‌ದಾರ ಮುದುಕರಿದ್ದರು, ಹಿಂದೆ ಸುಭೇದಾರರಾಗಿದ್ದವರು. ನಾನು ವಾರ್ಡಿಗೆ ಕಾಲಿಟ್ಟ ಕೂಡಲೇ ತಲೆಯ ಮೇಲಿಂದ ಹೊದಿಕೆ ಎಳೆದುಕೊಳ್ಳುತ್ತಿದ್ದರು. ಪಾಪ, ಸಂಜೆಯಾದರೆ ಚಳಿಯಾಗುತ್ತದೆ ಎಂದುಕೊಂಡಿದ್ದೆ.

ನಿಜ ಸಂಗತಿ ಇಷ್ಟು. ಆಸ್ಪತ್ರೆಯ ಮೇಟ್ರನ್ ಬಾಯಿಗೆ ಆ ವರ್ಷ ಒಂದು ಹುರುಪು ಹುಟ್ಟಿತ್ತು. ಪ್ರತಿಯೊಬ್ಬ ಸಿಸ್ಟರೂ ರೋಗಿಯ ಶುಶ್ರೂಷೆಗೆ ಸೇರಿದ ಒಂದು ವಿಷಯ ಹಿಡಿದು, ದಿನಾ ಕಣ್ಣಿಟ್ಟು ನೋಡಿ, ಕಂಡದ್ದನ್ನು ಬರೆದು ಕೊಡಬೇಕು. ‘ಹಿಂದಿನಿಂದ ಹೀಗೇ ನಡೆದು ಬಂದಿದೆ’ ಎನ್ನುವುದು ನಡೆಯುವುದಿಲ್ಲ, ನೋಡಿದ್ದನ್ನಷ್ಟೇ ಬರೆಯಬೇಕು. ಒಬ್ಬ ಸಿಸ್ಟರ್ ಮಲಗಿ ಮಲಗಿ ರೋಗಿಯ ಬೆನ್ನು ಹುಣ್ಣಾಗುವುದನ್ನು ಹಿಡಿದಳು. ಇನ್ನೊಬ್ಬಳು ರೋಗಿಗಳು ಹಾಲನ್ನು ಯಾಕೆ ಅರ್ಧಕ್ಕೆ ಬಿಡುತ್ತಾರೆ ಎಂಬುದನ್ನು ಹಿಡಿದಳು. ಸುಗುಣಾಬಾಯಿ ಹಿಡಿದದ್ದು ನನ್ನನ್ನು.

ಒಂದು ಸಂಜೆ ಆಕೆ ನನ್ನನ್ನು ವರಾಂಡಕ್ಕೆ ಕರೆದು ಚಾರ್ಟು ಕೈಗೆ ಕೊಟ್ಟಳು. “ನೋಡ್ರಿ ರಾಯರ, ಕೆಂಪು ಚಿಕ್ಕಿ ಅಂದ್ರ ನೀವು ಬಂದ ದಿನ. ಅವತ್ತು ಸಂಜಿಮುಂದ ಗೆರಿ ಎಲ್ಲಿಗೆ ಹೊಂಟೇತ್ರಿ?”

“ಮ್ಯಾಲ ಹೋಗೇದ.”

“ನೀವು ಬರಲಾರದ ದಿನ?”

ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. “ಕೆಳಗ ಅದ. ಆದ್ರ ಸಿಸ್ಟರ್, ಇದು ಕಾಕತಾಳೀಯ ಇರಬಹುದು.”

“ಮಂಗಳವಾರ ಏನ್ ಹೇಳಿದ್ರಿ ಅವರಿಗೆ?”

“ಏನಿಲ್ಲ, ನಮ್ಮ ಕಡೆ ಒಬ್ಬಗ ಕ್ಲೋರೋಫಾರ್ಮ್ ಕೊಟ್ಟಿದ್ರು, ಮುಂದ ಎಚ್ಚರನ ಆಗಲಿಲ್ಲ ಅಂತ.”

“ಗುರುವಾರ?”

“ಅದು ಬ್ಯಾರೇದವನ ಕಥಿ. ಅವಗ ಎಚ್ಚರಾತು. ಕೊಯ್ಯೂಮುಂದನ ಆತು.”

ಸುಗುಣಾಬಾಯಿ ಚಾರ್ಟನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡಳು. ಆಮೇಲೆ, “ರಾಯರ, ನೀವು ಕೆಟ್ಟವರಲ್ಲ. ಆದ್ರ ನಾಳೆ ಬಂದು ಅರ್ಧಾ ತಾಸು ಸುಮ್ಮನ ಕುಂದರ್ರಿ. ತುಟಿ ಪಿಟಕ್ ಅನಬ್ಯಾಡ್ರಿ. ಗೆರಿ ಏನ್ ಮಾಡತೈತಿ ನೋಡೂಣು. ಇಳದ್ರ ನಾಡದ ಬೆಳಿಗ್ಗೆ ಆಪರೇಶನ್ ಮಾಡ್ತೀನಿ ಅಂದಾರ ಡಾಕ್ಟರು” ಎಂದಳು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಬಳಿ ಹುಟ್ಟಿದಾಗಿನಿಂದ ಬೆಳ್ಳಿಯೇ ಇತ್ತು, ಬಂಗಾರದ ಪರಿಚಯವೇ ಇರಲಿಲ್ಲ. ಆದರೂ ಗೆಳೆಯನ ಜೀವದ ಪ್ರಶ್ನೆ. ಮಾರನೆಯ ದಿನ ಬಾಯೊಳಗೆ ಎರಡು ಲವಂಗ ಇಟ್ಟುಕೊಂಡು ಹೋಗಿ ಸ್ಟೂಲಿನ ಮೇಲೆ ಕೂತೆ. ಭೀಮಣ್ಣ ಮುಖವರಳಿಸಿ, “ಬಾ ಶೀನಪ್ಪ, ಇವತ್ತ ಯಾರ ಕಥಿ ತಂದಿ?” ಎಂದ. ನಾನು ನಕ್ಕು ಸುಮ್ಮನಾದೆ. “ಯಾಕೋ?” ಎಂದ. ಲವಂಗ ಕಚ್ಚಿದೆ. ಐದು ನಿಮಿಷವಾಯಿತು. ಭೀಮಣ್ಣನ ಮುಖದ ಬಣ್ಣ ಇಳಿಯತೊಡಗಿತು.

“ಶೀನ್ಯಾ, ಖರೇ ಹೇಳು. ಡಾಕ್ಟರ್ ನಿನ್ನ ಮುಂದ ಏನರ ಅಂದ್ರೇನು?”

ನಾನು ಛಾವಣಿ ನೋಡಿದೆ.

“ನೀ ಸುಮ್ಮನ ಕೂತದ್ದು ನಾ ಹುಟ್ಟಾ ಕಂಡಿಲ್ಲ. ನಿಮ್ಮಪ್ಪಾರು ತೀರಿಕೊಂಡಾಗ ಸುದ್ದಾ ನೀ ಭಟ್ಟರ ಜೋಡಿ ಮಾತಾಡಿಕೋತನ ಇದ್ದಿ. ಮುಗೀತು ಬಿಡು, ನನಗ ತಿಳೀತು.” ಅವನು ನನ್ನ ಕೈ ಹಿಡಿದುಕೊಂಡ. “ನನ್ನ ಸೈಕಲ್ ನೀನೇ ಇಟ್ಕೋ. ಮೊನ್ನೆರ ಹೊಸಾ ಚೈನ್ ಹಾಕ್ಸೀನಿ.”

ಕೊಟ್ಟ ಮಾತಿಗೆ ಕಟ್ಟುಬಿದ್ದವನು ನಾನು. ಮಾತಾಡುವಂತಿಲ್ಲ. ಹೆದರಬೇಡ, ಎಲ್ಲ ಸರಿಹೋಗುತ್ತದೆ ಎಂಬ ಅರ್ಥದಲ್ಲಿ ಮೆಲ್ಲಗೆ ಗೋಣು ಹಾಕಿದೆ. ಅವನು ಅದನ್ನು, ಸೈಕಲ್ ಇಟ್ಟುಕೊಳ್ಳುತ್ತೇನೆ ಎಂದು ತಿಳಿದ. ಅಷ್ಟು ದೊಡ್ಡ ಆಳು ಗೋಡೆಗೆ ಮುಖ ತಿರುಗಿಸಿ ಬಿಕ್ಕತೊಡಗಿದ. ನನಗೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅರ್ಧ ದುಃಖದ್ದು, ಅರ್ಧ ಲವಂಗದ್ದು. ಪಕ್ಕದ ಸುಭೇದಾರರು ಹೊದಿಕೆ ಸರಿಸಿ ಇಣುಕಿ, ಇವತ್ತು ಇಲ್ಲಿ ಯಾರು ಹೋದರು ಎಂದು ಮರಾಠಿಯಲ್ಲಿ ಕೇಳಿದರು. ಆ ಸಂಜೆ ನಾಡಿಯ ಗೆರೆ ಚಾರ್ಟಿನ ಮೇಲಂಚಿಗೆ ಹೋಗಿ ಮುಟ್ಟಿತಂತೆ. ಆಪರೇಶನ್ ರದ್ದಾಯಿತು. ಸುಗುಣಾಬಾಯಿ ನನ್ನನ್ನು ಬಾಗಿಲವರೆಗೆ ಬಿಟ್ಟು, “ರಾಯರ, ಇನ್ನ ನಾಕ ದಿನಾ ಈ ಕಡೆ ಹಾಯಬ್ಯಾಡ್ರಿ” ಎಂದು ಕೈಮುಗಿದಳು.

ಆ ನಾಲ್ಕು ದಿನ ನಾನು ಪಟ್ಟ ಪಾಡು ಹೇಳತೀರದು. ಕಚೇರಿಯಲ್ಲಿ ಬರೆದದ್ದನ್ನೇ ಬರೆದೆ. ಇಷ್ಟು ವರ್ಷ ಎಷ್ಟು ಜನರ ಹಾಸಿಗೆಯ ಪಕ್ಕ ಕೂತು ಎಷ್ಟು ನಾಡಿ ಕುಣಿಸಿದ್ದೇನೋ ಎಂದು ಲೆಕ್ಕ ಹಾಕುತ್ತ ಹೋದರೆ ಹೆದರಿಕೆಯಾಗುತ್ತಿತ್ತು. ಹೆಂಡತಿಯನ್ನು ಕೇಳಿದೆ: “ಹೋದ ವರ್ಷ ನಿನಗ ಜ್ವರ ಬಂದಾಗ ನಾ ಮಾತಾಡಿದ್ದಕ್ಕ ಏನಾತು?” ಅವಳು ನನ್ನ ಮುಖ ನೋಡಿ, ಯಾಕೋ ಅವತ್ತು ಮಾತ್ರ ಮೆತ್ತಗಾಗಿ, “ಅದಕ್ಕs ಲಗೂನ ಎದ್ದು ಅಡಿಗಿ ಮನಿಗೆ ಹೋದೆ, ಛೊಲೋನ ಆತಲ್ಲ” ಎಂದಳು. ಸಮಾಧಾನವೋ ಚುಚ್ಚುಮಾತೋ ತಿಳಿಯಲಿಲ್ಲ. ಆದರೆ ಅವಳೇ ಆಸ್ಪತ್ರೆಗೆ ಹೋಗಿಬಂದು ತಂದ ಸುದ್ದಿ ಇನ್ನೂ ವಿಚಿತ್ರವಾಗಿತ್ತು. ನಾನು ಹೋಗದಿದ್ದರೂ ಈ ಸಲ ಗೆರೆ ಇಳಿದಿರಲಿಲ್ಲ. ‘ಶೀನಪ್ಪ ಯಾಕ ಬರಲಿಲ್ಲ? ನನ್ನ ಮಾರಿ ನೋಡೂದು ಅವಗ ಆಗವಲ್ದೇನು?’ ಎಂದು ಭೀಮಣ್ಣ ಬಂದಬಂದವರನ್ನೆಲ್ಲ ಕೇಳುತ್ತಿದ್ದನಂತೆ. ಮಾತಾಡಿದರೂ ಕಷ್ಟ, ಸುಮ್ಮನಿದ್ದರೂ ಕಷ್ಟ, ಬರದಿದ್ದರೂ ಕಷ್ಟ. ಸುಗುಣಾಬಾಯಿಯ ಕೆಂಪು ಪೆನ್ಸಿಲ್ಲಿಗೆ ಬರೆಯಲು ದಾರಿಯೇ ಇಲ್ಲದಂತಾಯಿತು. ಡಾಕ್ಟರು ಬೇರೆ, ಇನ್ನು ತಡ ಮಾಡುವಂತಿಲ್ಲ ಎಂದಿದ್ದರು.

ಕೊನೆಗೆ ರವಿವಾರ ಬರಲು ನನಗೆ ಅಪ್ಪಣೆಯಾಯಿತು. ಭೇಟಿಯ ಸಮಯ ಬೇರೆ ದಿನ ಸಂಜೆಗಾದರೆ ರವಿವಾರ ಮೂರು ಗಂಟೆಗೇ. ಅಂದು ಮನೆಯಲ್ಲಿ ಎಣಗಾಯಿ, ಜೋಳದ ರೊಟ್ಟಿ, ಮೇಲೆ ಗಟ್ಟಿ ಮೊಸರು. ದುಃಖದಲ್ಲಿದ್ದವನಿಗೆ ಹಸಿವು ಹೆಚ್ಚು. ಉಂಡು, ದಿಂಬಿನ ಕಡೆ ಆಸೆಯಿಂದ ನೋಡಿ, ಪುಣೆಯಲ್ಲಿ ಕಲಿತ ನನ್ನ ರವಿವಾರದ ನಿದ್ದೆಯ ವ್ರತವನ್ನು ಮೊದಲ ಸಲ ಮುರಿದು ಉರಿಬಿಸಿಲಲ್ಲಿ ಸೈಕಲ್ ಹತ್ತಿದೆ. ವಾರ್ಡಿನಲ್ಲಿ ತಂಪಾಗಿತ್ತು. ಕಿಟಕಿಯ ಹೊರಗೆ ಬೇವಿನ ಮರ ಅಲ್ಲಾಡುತ್ತಿತ್ತು. ಭೀಮಣ್ಣ ನನ್ನನ್ನು ಕಂಡು ಎದ್ದು ಕೂತ. “ಮಾತಾಡಲೇ ಮಾರಾಯಾ, ಏನರ ಮಾತಾಡು!” ಎಂದ. ನಾನು ಸುಗುಣಾಬಾಯಿಯ ಕಡೆ ನೋಡಿದೆ. ಆಕೆ ಸೋತವಳಂತೆ ಕೈಯಾಡಿಸಿ, ಏನಾದರೂ ಮಾಡಿಕೊಳ್ಳಿ ಎಂದಳು. ಕಟ್ಟೆ ಒಡೆದಂತಾಯಿತು. “ನಮ್ಮ ರಾಣೇಬೆನ್ನೂರ ಸೋದರಮಾವ ಒಬ್ಬ ಇದ್ದ,” ಎಂದು ಶುರು ಮಾಡಿದೆ. “ಅವಗೂ ಹಿಂಗ ಹರ್ನಿಯಾ ಆಗಿತ್ತು ನೋಡು. ಒಂದಿನ ಏನಾತಂದ್ರ...”

ಏನಾಯಿತೆಂದು ನನಗೂ ಗೊತ್ತಿಲ್ಲ. ಮುಂದಿನದನ್ನು ಸುಗುಣಾಬಾಯಿ ಹೇಳಿ ಕೇಳಿದ್ದು. ‘ಏನಾತಂದ್ರ’ ಎಂದವನು ಹಾಗೇ ಮುಂದಕ್ಕೆ ವಾಲಿ, ಮಂಚದ ಅಂಚಿಗೆ ತಲೆ ಕೊಟ್ಟು, ಗೊರಕೆ ಹೊಡೆಯತೊಡಗಿದೆನಂತೆ. ಗೊರಕೆ ಎಂದರೆ ಸಾಮಾನ್ಯದ್ದಲ್ಲ. ಖಡಕಿಯಲ್ಲಿ ತೋಪು ಪರೀಕ್ಷೆ ಮಾಡುತ್ತಿದ್ದಾರೆಂದು ವಾರ್ಡಿನವರು ಅಂದುಕೊಂಡರಂತೆ. ಭೀಮಣ್ಣ ಬಗ್ಗಿ ನನ್ನ ಮುಖ ನೋಡಿದ. ಆಮೇಲೆ ಸಿಸ್ಟರನ್ನು ಕರೆದು, “ನೋಡ್ರಿ ಬಾಯಾರ, ನನ್ನ ಜೀವಕ್ಕ ಏನರ ಧೋಕಾ ಇದ್ದಿದ್ರ ಈ ಮನಷ್ಯಾ ಹಿಂಗ ಗೊರಕಿ ಹೊಡೀತಿದ್ದನೇನ್ರಿ? ನನಗೇನೂ ಆಗೂದಿಲ್ಲ” ಎಂದ. ಹೇಳಿ, ಮಗ್ಗುಲಾಗಿ, ಎಷ್ಟೋ ದಿನಗಳ ಮೇಲೆ ತಾನೂ ನಿದ್ದೆ ಹೋದ. ಅವನ ಹಿಂದೆ ಸುಭೇದಾರರೂ ನಿದ್ದೆ ಹೋದರು. ನನಗೆ ಎಚ್ಚರವಾದಾಗ ಸುಗುಣಾಬಾಯಿ ಬೆರಳು ತುಟಿಗಿಟ್ಟು, ಭೀಮಣ್ಣನ ಮಣಿಕಟ್ಟು ಹಿಡಿದು ನಿಂತಿದ್ದಳು. ಗೆರೆ ಇಳಿದಿತ್ತು. ಆಕೆಯ ಮುಖ ದೀಪ ಹಚ್ಚಿದಂತಿತ್ತು. ನನಗೆ ಎದ್ದು ಕುಣಿಯಬೇಕೆನ್ನಿಸಿತು, ಆದರೆ ಕಾಲು ಜೋಮು ಹಿಡಿದಿತ್ತು.

ಮರುದಿನ ಬೆಳಿಗ್ಗೆಯೇ ಆಪರೇಶನ್ ಆಯಿತು, ಚೆನ್ನಾಗಿಯೇ ಆಯಿತು. ಸುಗುಣಾಬಾಯಿ ಬರೆದುಕೊಟ್ಟದ್ದನ್ನು ಮೇಟ್ರನ್ ಬಾಯಿ ಎರಡು ಸಲ ಓದಿ ಬೆನ್ನು ತಟ್ಟಿದಳಂತೆ. ನನ್ನ ಹೆಸರು ಅದರಲ್ಲಿದೆಯೇ ಎಂದು ಕೇಳಿದೆ. ಹೆಸರಿಲ್ಲ, ಸಾರ ಇದೆ ಎಂದಳು. ರೋಗಿಯನ್ನು ನೋಡಲು ಬರುವವರು ನಿಶ್ಚಿಂತೆಯಿಂದ ಇದ್ದರೆ ರೋಗಿಯೂ ನಿಶ್ಚಿಂತನಾಗುತ್ತಾನೆ. ಅದಕ್ಕೆ ಮಾತು ಬೇಕೇ ಬೇಕೆಂದಿಲ್ಲ. ಅದರಿಂದ ಮಂಚದ ಪಕ್ಕ ಸ್ಟೂಲಿಗೆ ಬದಲು ಬೆನ್ನಿರುವ ಕುರ್ಚಿ ಹಾಕಬೇಕು, ಎಂದು ಬರೆದಿದ್ದಳು. ಕುರ್ಚಿ ಬಂತು. ಸುಭೇದಾರರು ಮನೆಗೆ ಹೋಗುವವರೆಗೂ, ಆ ಕಾನಡಿ ಗೃಹಸ್ಥರು ಮತ್ತೆ ಮಲಗಲು ಯಾವಾಗ ಬರುತ್ತಾರೆ ಎಂದು ಕೇಳುತ್ತಿದ್ದರಂತೆ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ: “ಜನ್ಮದಾಗ ಒಂದs ಪುಣ್ಯಾ ಮಾಡಿದ್ರಿ, ಅದಕ್ಕೂ ನೀವು ಎಚ್ಚರಿರಲಿಲ್ಲ.”

ತಿಂಗಳ ಮೇಲೆ ಭೀಮಣ್ಣ ನಮ್ಮ ಮನೆಗೆ ಊಟಕ್ಕೆ ಬಂದ, ತನ್ನ ಸೈಕಲ್ ಮೇಲೆಯೇ. ಹಿಂದಿನಂತೆ ನಾಲ್ಕು ರೊಟ್ಟಿ ಉಂಡ. ಕೈ ತೊಳೆದು ಅಡಿಕೆ ಬಾಯಿಗೆ ಹಾಕಿಕೊಂಡವನು ಏನೋ ನೆನಪಾದವನಂತೆ, “ಶೀನಪ್ಪ, ಅವತ್ತ ಆಸ್ಪತ್ರಿಯೊಳಗ ಒಂದು ಕಥಿ ಅರ್ಧಾ ಮಾಡಿದೆಲ್ಲ? ನಿಮ್ಮ ರಾಣೇಬೆನ್ನೂರ ಮಾವಗೂ ನನ್ನಂಗ ಹರ್ನಿಯಾ ಆಗಿತ್ತು ಅಂತ. ಮುಂದ ಏನಾತು ಅವಗ?” ಎಂದು ಕೇಳಿದ. ನನ್ನ ನಾಲಿಗೆಯ ತುದಿಗೆ ಬಂತು. ಇಂಥ ಕಥೆ ನನ್ನ ಹತ್ತಿರ ಇನ್ನೊಂದಿಲ್ಲ. ಅದರ ಕೊನೆ ಕೇಳಿದವರು ಎಂದೂ ಮರೆತಿಲ್ಲ. ಅಡಿಗೆ ಮನೆಯ ಬಾಗಿಲಲ್ಲಿ ಹೆಂಡತಿ ಲಟ್ಟಣಿಗೆ ಹಿಡಿದು ನಿಂತದ್ದು ಕಂಡಿತು. ಭೀಮಣ್ಣನ ತುಂಬಿಕೊಂಡ ಕೆನ್ನೆಯೂ ಕಂಡಿತು.

“ಭಾಳ ನಿದ್ದಿ ಬರ್ಲಿಕತ್ತದೋ ಭೀಮಣ್ಣ” ಎಂದು ಅಲ್ಲೇ ಜಮಖಾನದ ಮೇಲೆ ಉರುಳಿಕೊಂಡು ಕಣ್ಣು ಮುಚ್ಚಿದೆ. ನಿದ್ದೆ ಎಲ್ಲಿ ಬರಬೇಕು, ಹೊಟ್ಟೆಯೊಳಗೆ ಮಾವ ಒದೆಯುತ್ತಿದ್ದ. ಆದರೂ ಗೊರಕೆ ಹೊಡೆದೆ.