ಹತ್ತು ಬೆರಳು, ಒಂದು ತಳ್ಳುಗೋಲು

ಮನುಷ್ಯನಾದವನು ಬದುಕಿನಲ್ಲಿ ಒಮ್ಮೆಯಾದರೂ ದೊಡ್ಡದೇನನ್ನಾದರೂ ಮಾಡಬೇಕು. ಈ ಮಾತನ್ನು ಯಾವ ಮಹಾನುಭಾವರೂ ಹೇಳಿದ್ದಲ್ಲ, ನಾನೇ ಹೇಳಿಕೊಂಡದ್ದು. ಕೈಗಡಿಯಾರ ರಿಪೇರಿ ನನ್ನ ಕಸುಬು. ಇಡೀ ದಿನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರುತ್ತೇನೆ. (ಒಂದು ಸೀನು ಬಂದರೆ ಯಾರದೋ ಗಡಿಯಾರದ ಕಥೆ ಮುಗಿಯಿತು.) ಇಂಥವನಿಗೆ, ಎರಡೂ ಕಣ್ಣು ಬಿಟ್ಟು, ಗಟ್ಟಿಯಾಗಿ ಸದ್ದು ಮಾಡುತ್ತಾ, ಧೂಳೆಬ್ಬಿಸುವಂಥ ಕೆಲಸವೊಂದನ್ನು ಮಾಡುವ ಆಸೆ ಹುಟ್ಟಿದರೆ ತಪ್ಪೇ? ನೀವೇ ಹೇಳಿ.

ಆಸೆಗೆ ನೆಪವೂ ಸಿಕ್ಕಿತು. ನನ್ನ ಮಾವ, ಅಂದರೆ ಹೆಂಡತಿಯ ತಂದೆ, ನಮ್ಮ ಮನೆಗೆ ಬಂದು ನೆಲೆಸಿದರು. ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಬರುವಾಗ ಒಂದು ಟ್ರಂಕು, ಒಂದು ಸೀಟಿ, ಕೆಂಪು ಬಾವುಟ ಒಂದು, ಹಸಿರು ಬಾವುಟ ಒಂದು ತಂದರು. ಮಂಚ ತರಲಿಲ್ಲ. ಮಾವ ಅಂದರೆ ತೆಂಗಿನ ಮರದಂಥ ಉದ್ದದ ಆಳು. ನಮ್ಮ ಸೋಫಾ ಅವರ ಮೊಣಕಾಲಿಗೇ ಮುಗಿದುಹೋಗುತ್ತದೆ. ಉಳಿದ ಕಾಲನ್ನು ಒಂದು ಸ್ಟೂಲಿನ ಮೇಲೆ ಇಟ್ಟುಕೊಂಡು ಮಲಗುತ್ತಿದ್ದರು. ಬೆಳಿಗ್ಗೆ ಎದ್ದು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಏನೂ ತೊಂದ್ರೆ ಇಲ್ಲ ಅಳಿಯಂದ್ರೇ, ಗೂಡ್ಸ್ ಗಾಡೀಲಿ ಇದಕ್ಕಿಂತ ಕಷ್ಟಪಟ್ಟು ಮಲಗಿದ್ದೀನಿ" ಎಂದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

"ಮಾವ, ನಿಮ್ಮ ಮಂಚ ನಾನೇ ಮಾಡ್ತೀನಿ" ಎಂದು ಘೋಷಿಸಿದೆ. ಅಂಗಡಿ ಮುಚ್ಚುತ್ತಿದ್ದ ಬಡಗಿಯೊಬ್ಬರಿಂದ ಹಳೆಯ ಮೇಜಿನ ಗರಗಸವೊಂದನ್ನು ಕೊಂಡೂ ತಂದೆ. ನೀವು ನೋಡಿರದಿದ್ದರೆ ಹೇಳುತ್ತೇನೆ: ಕಬ್ಬಿಣದ ಮೇಜು, ಅದರ ನಡುವಿನ ಸೀಳಿನಿಂದ ಇಣುಕುವ ಹಲ್ಲಿನ ಚಕ್ರ, ಕೆಳಗೆ ಮೋಟಾರು. ಸ್ವಿಚ್ ಒತ್ತಿ ಹಲಗೆಯನ್ನು ಮುಂದಕ್ಕೆ ತಳ್ಳಿದರಾಯಿತು, ಅದು ತಾನೇ ಕೊಯ್ದು ಕೊಡುತ್ತದೆ. ಹಲಗೆಯನ್ನೇ ಕೊಯ್ಯಬೇಕೆಂಬ ನಿಯಮ ಮಾತ್ರ ಅದಕ್ಕಿಲ್ಲ. ಜೊತೆಗೆ ಕಾಲು, ಅಡ್ಡಪಟ್ಟಿಗಳಿಗೆ ಒಂದಿಷ್ಟು ಗಂಟುಮರವನ್ನೂ, ಮಂಚದ ಎರಡು ಪಕ್ಕಗಳಿಗೆಂದು ಗಂಟಿಲ್ಲದ, ನೇರವಾದ, ಮಾವನಿಗಿಂತ ಉದ್ದದ ಎರಡು ಚೆಂದದ ಹಲಗೆಗಳನ್ನು ತಂದೆ.

ಗರಗಸವನ್ನು ಹಿತ್ತಲಿನ ಶೆಡ್ಡಿನಲ್ಲಿ ಇಳಿಸಿ ಮೀಸೆ ಒರೆಸಿಕೊಳ್ಳುತ್ತಿರುವಾಗ ನನ್ನವಳು ಆಸ್ಪತ್ರೆಯಿಂದ ಬಂದಳು. ಅವಳು ನರ್ಸು. ಅದೂ ಯಾವ ವಾರ್ಡು? ಕೈಕಾಲು ಮುರಿದುಕೊಂಡವರ, ಬೆರಳು ಕಳೆದುಕೊಂಡವರ ವಾರ್ಡು.

"ಇದೇನ್ರೀ?"

"ನಿಮ್ಮಪ್ಪನಿಗೆ ಮಂಚ ಕಣೇ."

"ನಮ್ಮಪ್ಪನಿಗೆ ಮನೇಲಿ ಮಂಚ, ನಿಮಗೆ ನಮ್ಮ ವಾರ್ಡಲ್ಲಿ ಮಂಚ! ಎಲ್ಲಿ, ಕೈ ಚಾಚಿ."

ಚಾಚಿದೆ. ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ನಿಂತೆ. ಒಂದೊಂದೇ ಬೆರಳನ್ನು ಮುಟ್ಟಿ ಎಣಿಸಿದಳು. "ಹತ್ತಿದೆ. ಇನ್ಮೇಲೆ ದಿನಾ ಸಂಜೆ ಎಣಿಸ್ತೀನಿ. ಒಂಬತ್ತಾದ ದಿನ ನಾನು ತವರಿಗೆ ಹೋಗ್ತೀನಿ."

"ನಿನ್ನ ತವರು ಸೋಫಾದ ಮೇಲೇ ಮಲಗಿದೆಯಲ್ಲೇ!"

ಈ ಮಾತಿಗೆ ಅವಳು ನಗಲಿಲ್ಲ. ಸ್ಕ್ರೂಡ್ರೈವರನ್ನು ನನ್ನ ಜೇಬಿನಿಂದಲೇ ಎಳೆದುಕೊಂಡು, ಗರಗಸದ ವೈರಿನ ಪ್ಲಗ್ಗನ್ನು ಬಿಚ್ಚಿ, ತನ್ನ ಯೂನಿಫಾರ್ಮಿನ ಜೇಬಿಗೆ ಹಾಕಿಕೊಂಡಳು.

"ನೋಡ್ರೀ, ವಾರ್ಡಿಗೆ ಬರೋ ಪ್ರತಿಯೊಬ್ಬರನ್ನೂ ಕೇಳಿದ್ದೀನಿ. ಎಲ್ಲರದೂ ಒಂದೇ ಹಾಡು. ‘ಕೊನೇ ತುಂಡು ಸಿಸ್ಟರ್, ಇಷ್ಟೇ ಇಷ್ಟಿತ್ತು, ಬೆರಳಲ್ಲಿ ತಳ್ಬಿಟ್ಟೆ.’ ಕೋಲಲ್ಲಿ ತಳ್ಳಿದೋನು ಒಬ್ಬನೂ ನಮ್ಮಲ್ಲಿಗೆ ಬಂದಿಲ್ಲ. ಮೊದಲು ಕೋಲು ಮಾಡಿ, ಹಲಗೆ ಒತ್ತಿಹಿಡಿಯೋ ಮಣೆ ಮಾಡಿ, ಅದು ಹಿಂದಕ್ಕೆ ಚಿಮ್ಮದ ಹಾಗೆ ಬಾಚಣಿಗೆ ಹಲಗೆ ಮಾಡಿ. ಆಮೇಲೆ ಪ್ಲಗ್ಗು. ಗಡಿಯಾರ ಬಿಚ್ಚೋ ಕೈ ಅದು. ಒಂದು ಬೆರಳು ಹೋದ್ರೂ ಹೊಟ್ಟೆಗೇನ್ರೀ ಮಾಡೋದು?"

"ಇವನ್ನೆಲ್ಲ ಕೊಯ್ಯೋಕೇ ಗರಗಸ ಬೇಕಲ್ಲೇ!"

"ಕೈಗರಗಸ ಇದೆ. ಕೈಯೂ ಇದೆ, ಸದ್ಯಕ್ಕೆ."

ಹೀಗೆ ನನ್ನ ಯಂತ್ರರಾಜ ಹಳೇ ಬೆಡ್‌ಶೀಟು ಹೊದ್ದು ಮಲಗಿದ. ನಾನು ಪಕ್ಕದಲ್ಲಿ ಕೂತು, ತುಕ್ಕು ಹಿಡಿದ ಕೈಗರಗಸದಲ್ಲಿ ಕುಯ್ಯೋ ಮುರ್ರೋ ಎನ್ನತೊಡಗಿದೆ.

ಮೊದಲನೆಯದು ತಳ್ಳುಗೋಲು. ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿಯಲ್ಲಿ ಹಕ್ಕಿ ಬಾಯಿ ತೆರೆದಂಥ ಕಚ್ಚು. ಆ ಬಾಯಿ ಹಲಗೆಯ ಬಾಲವನ್ನು ಕಚ್ಚಿ ಹಿಡಿದು ಮುಂದಕ್ಕೆ ನೂಕುತ್ತದೆ, ಬೆರಳು ಹಿಂದೆ ದೂರದಲ್ಲಿ ಕ್ಷೇಮ. ಗಂಟಿರುವ ಮರ ಇದಕ್ಕೆ ಆಗದು, ಹೊತ್ತಲ್ಲದ ಹೊತ್ತಿನಲ್ಲಿ ಮುರಿಯುತ್ತದೆ. ಮನೆಯಲ್ಲಿ ಗಂಟಿಲ್ಲದ ಮರ ಎಂದರೆ ಮಂಚದ ಹಲಗೆಗಳೇ. ಒಂದರ ತುದಿಯಿಂದ ಒಂದಿಷ್ಟು ಕೊಯ್ದುಕೊಂಡೆ. ಎರಡೂ ಪಕ್ಕ ಸಮ ಇರಬೇಕಲ್ಲ ಎಂದು ಇನ್ನೊಂದರಿಂದಲೂ ಅಷ್ಟೇ ಕೊಯ್ದೆ. ಗಡಿಯಾರದವನ ಕೈ ನೋಡಿ, ಅಲ್ಲಿಗೇ ನಿಲ್ಲಲಿಲ್ಲ. ಮರಳು ಕಾಗದದಲ್ಲಿ ಉಜ್ಜಿದೆ, ನಯವಾದ ಕಾಗದದಲ್ಲಿ ಮತ್ತೆ ಉಜ್ಜಿದೆ, ವಾರ್ನಿಷ್ ಬಳಿದೆ. ಹಕ್ಕಿಯ ಬಾಯೊಳಗೂ ಬಳಿದೆ. ಕೋಲು ಎಷ್ಟು ಚೆಂದ ಬಂತೆಂದರೆ ಅದರಲ್ಲಿ ನನ್ನ ಮೂಗು ಕಾಣುತ್ತಿತ್ತು.

ಒಣಗಲು ಕಿಟಕಿಯಲ್ಲಿಟ್ಟು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕೋಲು ಮಂಗಮಾಯ! ಹುಡುಕಿದರೆ, ವರಾಂಡದಲ್ಲಿ ಮಾವ ಅರೆಗಣ್ಣು ಮುಚ್ಚಿ ಕೂತಿದ್ದಾರೆ. ಹಕ್ಕಿಯ ಬಾಯಿ ಅವರ ಬೆನ್ನಿನ ನಟ್ಟನಡುವೆ ಮೇಲೆ ಕೆಳಗೆ ಓಡಾಡುತ್ತಿದೆ.

"ಅಳಿಯಂದ್ರೇ! ಏನು ಕೈಚಳಕ ನಿಮ್ದು! ಸರ್ವೀಸಿಗೆ ಸೇರಿದಾಗಿನಿಂದ ಈ ಜಾಗಕ್ಕೆ ನನ್ನ ಕೈ ಎಟುಕಿಲ್ಲ."

"ಮಾವ, ಅದು ಬೆನ್ನಿಗಲ್ಲ, ಗರಗಸಕ್ಕೆ."

"ಗರಗಸಕ್ಕೆ ಬೆನ್ನು ಕೆರೀತದಾ?" ಎಂದರು.

ಕೋಲನ್ನು ಅವರಿಗೇ ಬಿಟ್ಟು ಬಂದೆ. ಇನ್ನೊಂದು ಮಾಡಿದೆ. ಅದನ್ನು ನನ್ನವಳು ಬಟ್ಟೆ ಒಣಹಾಕುವ ಹಗ್ಗ ಜೋಲದ ಹಾಗೆ ಕಟ್ಟೆಯ ಮೇಲೆ ಊರುಗೋಲಾಗಿ ನಿಲ್ಲಿಸಿದಳು. ಮೂರನೆಯದರಿಂದ ಅಟ್ಟದ ಮೇಲಿನ ಡಬ್ಬಿಗಳನ್ನು ಎಳೆಯುವುದಕ್ಕೆ ಶುರುಮಾಡಿದಳು. "ನೀವೇನೇ ಹೇಳಿ, ಮದುವೆಯಾದ ಮೇಲೆ ನೀವು ಮಾಡಿದ ಮೊದಲ ಉಪಯೋಗದ ವಸ್ತು ಇದು" ಎಂದು ಹೊಗಳಿದಳು. ನಾನೂ ಹೊಗಳಿಕೆಗೆ ಸೋತು ಹಲ್ಲು ಕಿರಿದೆ. ಪ್ರತಿ ಕೋಲಿಗೂ ಮಂಚದ ಒಂದು ಹಲಗೆಯಿಂದ ಒಂದಿಷ್ಟು, ಸಮ ಇರಲೆಂದು ಇನ್ನೊಂದರಿಂದ ಒಂದಿಷ್ಟು ಕೊಯ್ಯುತ್ತಿದ್ದೆ.

ಬಾಚಣಿಗೆ ಹಲಗೆಯ ಕಥೆ ಇನ್ನೂ ಘನಘೋರ. ಮಂಚದ ಹಲಗೆಗಳಿಂದಲೇ ಇನ್ನೊಂದು ತುಂಡು ತೆಗೆದು, ಅದರ ತುದಿಯನ್ನು ಓರೆಯಾಗಿ ಕೊಯ್ದು, ಸಾಲಾಗಿ ಸೀಳಿ ಹಲ್ಲು ಮಾಡಬೇಕು. ಅದನ್ನು ಮೇಜಿಗೆ ಬಿಗಿದರೆ, ಹಲ್ಲುಗಳು ಹಲಗೆಯನ್ನು ಮುಂದೆ ಹೋಗಗೊಡುತ್ತವೆ, ಹಿಂದೆ ಬರಗೊಡುವುದಿಲ್ಲ. (ಇಂಥದೊಂದನ್ನು ಮನೆಗೆ ಬರುವ ನೆಂಟರಿಗೂ ಕಂಡುಹಿಡಿಯಬೇಕು. ಮಾವನವರೇ, ಇದು ನಿಮಗೆ ಹೇಳಿದ್ದಲ್ಲ.) ಕೈಗರಗಸದಲ್ಲಿ ಸೀಳಿ ಸೀಳಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಬೆಳಿಗ್ಗೆ ಎದ್ದು ನೋಡಿದರೆ ಅದು ಅಡುಗೆಮನೆಯಲ್ಲಿ ರಾರಾಜಿಸುತ್ತಿದೆ! ಒಂದೊಂದು ಸೀಳಿನಲ್ಲಿ ಒಂದೊಂದು ಪಾತ್ರೆಯ ಮುಚ್ಚಳ, ಕವಾಯತಿಗೆ ನಿಂತಂತೆ.

"ಎಷ್ಟು ವರ್ಷದಿಂದ ಕೇಳ್ತಿದ್ದೆ ರೀ, ಮುಚ್ಚಳಕ್ಕೊಂದು ಸ್ಟ್ಯಾಂಡ್ ಮಾಡಿಕೊಡಿ ಅಂತ!" ಎಂದು ಇವಳು ಕಣ್ಣಲ್ಲಿ ನೀರು ತಂದುಕೊಂಡಳು. ಉಳಿದಿದ್ದ ಒಂದು ಮುಚ್ಚಳವನ್ನು ನಾನೇ ಖಾಲಿ ಸೀಳಿಗೆ ಸಿಕ್ಕಿಸಿದೆ.

ಒತ್ತುಮಣೆ ಮಾತ್ರ ಯಾರ ಕಣ್ಣಿಗೂ ಬೀಳದ ಹಾಗೆ ಮಾಡಿದೆ. ಇಸ್ತ್ರಿಪೆಟ್ಟಿಗೆಯಂತೆ ಮೇಲೊಂದು ಹಿಡಿ, ತಳಕ್ಕೆ ಹಲಗೆ ಜಾರದ ಹಾಗೆ ರಬ್ಬರು. ರಬ್ಬರಿಗೆ ಎಲ್ಲಿಗೆ ಹೋಗಲಿ? ಬಾಗಿಲ ಬಳಿ ಹಳೆಯ ಚಪ್ಪಲಿಯೊಂದು ಬಿದ್ದಿತ್ತು, ಅಟ್ಟೆ ಕತ್ತರಿಸಿ ಅಂಟಿಸಿದೆ. ಮರುದಿನ ಮಾವ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಇಡೀ ಬೀದಿ ಸುತ್ತಿ, ಯಾವುದೋ ಬಡಪಾಯಿ ನಾಯಿಯ ಮೇಲೆ ಆರೋಪ ಹೊರಿಸಿ ಬಂದರು. ನಾನೂ ನಾಯಿಗೆ ನಾಲ್ಕು ಮಾತು ಬೈದೆ.

ಕೊನೆಗೂ ಒಂದು ರಜೆಯ ದಿನ ನನ್ನವಳು ತಪಾಸಣೆಗೆ ಒಪ್ಪಿದಳು. ಹಗ್ಗದ ಊರುಗೋಲು ತೆಗೆಯುವ ಹಾಗಿಲ್ಲ, ಬಟ್ಟೆ ಒಣಗಬೇಕು. ಅಟ್ಟದ ಕೋಲು ಡಬ್ಬಿಗಳ ಹಿಂದೆ ಬಿದ್ದುಹೋಗಿದೆ. ಮಾವನ ಬಳಿ ಹೋಗಿ ಬೇಡಿಕೊಂಡೆ. "ಸಂಜೆ ವಾಪಸ್ ಬರಬೇಕು ಮತ್ತೆ" ಎಂದು ಕೊಟ್ಟರು. ಬಾಚಣಿಗೆ ಹಲಗೆಯ ಮುಚ್ಚಳಗಳನ್ನು ಇವಳೇ ಒಂದೊಂದಾಗಿ ಇಳಿಸಿಕೊಟ್ಟಳು.

ಶೆಡ್ಡಿನ ಬಾಗಿಲಲ್ಲಿ ಮಾವ ತಮ್ಮ ಹಳೆಯ ಬಿಳಿಕೋಟು ತೊಟ್ಟು, ಬಾವುಟ ಸಮೇತ ನಿಂತರು. ನಾನು ಅಂಗಿಯ ತೋಳು ಮಡಚಿ, ಕೈಗಡಿಯಾರ ಬಿಚ್ಚಿ, ಕಣ್ಣಿಗೆ ಧೂಳು ತಡೆಯುವ ಕನ್ನಡಕ ಹಾಕಿ ಗರಗಸದ ಮುಂದೆ ನಿಂತೆ.

"ಪಕ್ಕಕ್ಕೆ, ಪಕ್ಕಕ್ಕೆ!" ಮಾವ ಕೂಗಿದರು. "ಎಂಜಿನ್ ಎದುರು ಯಾರಾದ್ರೂ ನಿಲ್ತಾರಾ ಅಳಿಯಂದ್ರೇ? ಹಲಗೆ ಹಿಂದಕ್ಕೆ ಚಿಮ್ಮಿದ್ರೆ ಹೊಟ್ಟೆಗೇ ಬರ್ತದೆ."

ಪಕ್ಕಕ್ಕೆ ಸರಿದೆ. ಇವಳು ಜೇಬಿನಿಂದ ಪ್ಲಗ್ಗು ತೆಗೆದು ಜೋಡಿಸಿದಳು. ಸೀಟಿ. ಹಸಿರು ಬಾವುಟ. ಸ್ವಿಚ್ಚು! ಅಬ್ಬಾ, ಆ ಸದ್ದು! ಇಡೀ ಬದುಕು ಟಿಕ್ ಟಿಕ್ ಕೇಳಿದ ಕಿವಿಗೆ ಅಮೃತ ಹೊಯ್ದ ಹಾಗಾಯಿತು. ಹಲಗೆ ಬೆಣ್ಣೆಯಂತೆ ಸೀಳುತ್ತಾ ಹೋಯಿತು. ನಾನು ಕುಣಿಯುವುದೊಂದು ಬಾಕಿ. ಕೊನೆಯ ತುಂಡು ಬಂತು. ಕೋಲಿನ ಹಕ್ಕಿಬಾಯಿಯನ್ನು ಹಲಗೆಯ ಬಾಲಕ್ಕೆ ಕೊಟ್ಟು ತಳ್ಳಿದೆ.

ಕೋಲು ಸರ್ರನೆ ಜಾರಿತು. ‘ಟಣ್’ ಎಂದು ಏನೋ ಹಾರಿ ಬಕೆಟ್ಟಿಗೆ ಬಡಿಯಿತು. ಸೀಟಿ, ಕೆಂಪು ಬಾವುಟ, ಇವಳ ಕೂಗು, ಎಲ್ಲವೂ ಒಟ್ಟಿಗೇ. ಸ್ವಿಚ್ ಆರಿಸಿದವರು ಯಾರೆಂದು ಇಂದಿಗೂ ನನಗೆ ಗೊತ್ತಿಲ್ಲ.

ಚಕ್ರ ನಿಂತಿತು. ಇವಳು ಬಕೆಟ್ಟಿನ ಬಳಿಯಿಂದ ಕೋಲಿನ ತುಂಡಾದ ತುದಿಯನ್ನು ಎತ್ತಿಕೊಂಡು ಬಂದಳು. ನನ್ನ ಕೈಯನ್ನು ಹಿಡಿದು ಹೆಬ್ಬೆರಳಿನ ಪಕ್ಕ ಇಟ್ಟು ನೋಡಿದಳು. ಸರಿಯಾಗಿ ಅಷ್ಟೇ ಇತ್ತು. ನಿಜ ಹೇಳುತ್ತೇನೆ, ನನಗೆ ಆಗ ಭಯವಾಯಿತು. ಇಷ್ಟು ದಿನ ಅವಳ ಎಣಿಕೆಗೆ ನಗುತ್ತಿದ್ದವನು ಈಗ ನಾನೇ ಮನಸ್ಸಿನಲ್ಲಿ ಎಣಿಸಿಕೊಂಡೆ. ಅವಳು ಕೈ ಬಿಡಲಿಲ್ಲ, ಅವಳ ಕೈ ತಣ್ಣಗಿತ್ತು.

ಆಮೇಲೆ ಆ ತುಂಡನ್ನು ಮೂಗಿಗೆ ಹಿಡಿದು ಮೂಸಿದಳು. ಮುಖ ಕೆಂಪಾಯಿತು.

"ಅಪ್ಪಾ! ಇದು ನಿನ್ನ ಸೊಂಟದ ನೋವಿನೆಣ್ಣೆ ಅಲ್ವಾ?"

"ಕೈ ಎಟುಕ್ತಿರಲಿಲ್ಲ ಮಗಾ, ಅದರಲ್ಲೇ ಹಚ್ಕೋತಿದ್ದೆ" ಎಂದ ಮಾವ, ಕೆಂಪು ಬಾವುಟವನ್ನು ಮೆಲ್ಲನೆ ತಮ್ಮ ಮುಖಕ್ಕೇ ಅಡ್ಡ ಹಿಡಿದುಕೊಂಡರು. ನನಗೆ ನಗು ತಡೆಯಲಾಗಲಿಲ್ಲ.

"ನೀವೇನ್ರೀ ಹಲ್ಲು ಬಿಡೋದು? ಕಚ್ಚಿ ಹಿಡೀಬೇಕಾದ ಬಾಯಿಗೆ ವಾರ್ನಿಷ್ ಬಳಿದೋರು ಯಾರು? ಸರೀರಿ ಪಕ್ಕಕ್ಕೆ. ನಡುಗೋ ಕೈಯೋರಿಗೆ ನಾನು ಕತ್ತರೀನೂ ಕೊಡೋಲ್ಲ."

ಎಂದವಳೇ ಜಡೆ ಸುತ್ತಿ ಗಂಟು ಹಾಕಿ, ನನ್ನ ಕನ್ನಡಕ ಕಿತ್ತುಕೊಂಡು, ಬಟ್ಟೆಯ ಹಗ್ಗದ ಊರುಗೋಲನ್ನು ತರಿಸಿಕೊಂಡು (ಒದ್ದೆ ಬಟ್ಟೆ ಹೊತ್ತು ನಿಂತವನು ನಾನು), ಅದರ ಬಾಯನ್ನು ಮರಳು ಕಾಗದದಲ್ಲಿ ಒರಟು ಮಾಡಿ, ಎಡಗೈಯಲ್ಲಿ ಒತ್ತುಮಣೆ ಹಿಡಿದು ಗರಗಸದ ಮುಂದೆ ನಿಂತಳು. ಇಂಜೆಕ್ಷನ್ ಕೊಡುವವರಿಗೆ ಇರುವಂಥ ಕೈ. ಹಲಗೆಗಳು ಒಂದರ ಹಿಂದೆ ಒಂದು ಸುಮ್ಮನೆ ಸೀಳಿಕೊಂಡವು. ಮಾವ ಹೆಮ್ಮೆಯಿಂದ ಹಸಿರು ಬಾವುಟ ಬೀಸಿದ್ದೇ ಬೀಸಿದ್ದು. ಬೀಸುತ್ತಾ ಬೀಸುತ್ತಾ ಅವರ ದೃಷ್ಟಿ ಒತ್ತುಮಣೆಯ ತಳಕ್ಕೆ ಹೋಯಿತು. "ಅಳಿಯಂದ್ರೇ, ಆ ನಾಯಿ ಸಿಕ್ತು" ಎಂದಷ್ಟೇ ಹೇಳಿದರು.

ಸಂಜೆಗೆ ಮಂಚ ಎದ್ದು ನಿಂತಿತು. ಗಟ್ಟಿ ಮಂಚ, ಅಲುಗಾಟವಿಲ್ಲ. ಮಾವ ಹೋಗಿ ಮಲಗಿದರು. ತಲೆ ಒಂದು ತುದಿಯಲ್ಲಿ, ಮೊಣಕಾಲು ಇನ್ನೊಂದು ತುದಿಯಲ್ಲಿ. ಉಳಿದ ಕಾಲು ಗಾಳಿಯಲ್ಲಿ. ನಾನು ಕಣ್ಣು ತಪ್ಪಿಸಿ ಹಗ್ಗ, ಅಟ್ಟ, ಅಡುಗೆಮನೆ ಎಲ್ಲವನ್ನೂ ನೋಡಿದೆ. ಮಾವನ ಕಾಲಿಗೆ ಸಾಲಬೇಕಾದ ಮರವೆಲ್ಲ ಅಲ್ಲೇ ಇತ್ತು.

ಮಾವ ಮಲಗಿದಲ್ಲಿಂದಲೇ ಸೀಟಿ ಊದಿದರು. "ಗಾಡಿ ಉದ್ದ, ಪ್ಲಾಟ್‌ಫಾರ್ಮ್ ಗಿಡ್ಡ! ಸ್ಟೂಲು ತನ್ನಿ ಅಳಿಯಂದ್ರೇ."

ಈಗ ನಮ್ಮ ಮನೆಯಲ್ಲಿ ಎಲ್ಲವೂ ಸುಸೂತ್ರ. ಗರಗಸ ನನ್ನವಳದು, ಪ್ಲಗ್ಗು ಅವಳ ಜೇಬಿನಲ್ಲಿ. ರಜೆ ಬಂದರೆ ಶೆಲ್ಫು, ಪೆಟ್ಟಿಗೆ ಎಂದು ಏನಾದರೊಂದು ಮಾಡುತ್ತಾಳೆ. ತಳ್ಳುಗೋಲು ಪೂರೈಸುವ ಹುದ್ದೆ ಮಾತ್ರ ನನಗೆ, ಅದೂ ಕೈಗರಗಸದಲ್ಲಿ. ಉಜ್ಜುವ ಹಾಗಿಲ್ಲ, ವಾರ್ನಿಷ್ ಮುಟ್ಟುವ ಹಾಗಿಲ್ಲ, ಒರಟಾಗಿಯೇ ಇರಬೇಕೆಂದು ಅಪ್ಪಣೆಯಾಗಿದೆ. ಸಂಜೆ ಅವಳು ಮರದ ಹೊಟ್ಟು ಕೊಡವಿಕೊಂಡು ಬಂದಾಗ, ಈಗ ನಾನು "ಕೈ ಚಾಚು" ಎನ್ನುತ್ತೇನೆ. ಹತ್ತೂ ಬೆರಳು ಮುಟ್ಟಿ ಎಣಿಸಿದ ಮೇಲೆಯೇ ನನಗೆ ಕಾಫಿ ಇಳಿಯುವುದು.

ನಿನ್ನೆಯೂ ಎಣಿಸಿದೆ. ಹತ್ತೂ ಕ್ಷೇಮವಾಗಿದ್ದವು. "ಈಗ ನಿಮ್ಮದು" ಎಂದಳು. ನಾನು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಎಳೆದು ನೋಡಿದಳು. ಹೆಬ್ಬೆರಳಿನಲ್ಲಿ ಕಡ್ಡಿಯಷ್ಟು ದಪ್ಪದ ಸಿಬಿರು ಚುಚ್ಚಿಕೊಂಡು, ಬೆರಳು ಬದನೆಕಾಯಿಯಂತೆ ಊದಿತ್ತು.

"ಎಲ್ಲಿ ಚುಚ್ಚಿಕೊಂಡ್ರಿ?"

"ತಳ್ಳುಗೋಲಲ್ಲಿ" ಎಂದೆ.

ಅವಳು ಸೂಜಿ, ಹತ್ತಿ ತರಲು ಒಳಗೆ ಹೋದಳು. ಮಂಚದ ಮೇಲಿಂದ ಮಾವ ಕೆಂಪು ಬಾವುಟ ಎತ್ತಿ, "ಮಗಾ, ಗರಗಸ ಬಂದಾಗಿನಿಂದ ಈ ಮನೇಲಿ ಆಸ್ಪತ್ರೆ ಕೇಸು ಇದೊಂದೇ, ಅಲ್ವಾ?" ಎಂದು ಕೂಗಿ ಕೇಳಿದರು.